ತೊಗರಿ ಕೊಯ್ದು ತಂದ ನೀರಿನ ಗಾಡಿ

ನಮ್ಮ ಊರಿನಿಂದ ಹೈಸ್ಕೂಲಿಗೆ ಹೋಗುವ ದಾರಿಯಲ್ಲಿ ಆಗ ಒಂದು ಮರವೂ ಇರಲಿಲ್ಲ. ನಾನು ಸಣ್ಣವಳಿದ್ದಾಗ ಎರಡೂ ಬದಿಗೆ ಬೇವಿನ ಮರಗಳಿದ್ದವು, ನಡುನಡುವೆ ಹುಣಸೆ. ರಸ್ತೆ ಅಗಲವಾಯಿತು, ಅವು ಹೋದವು. ನಮ್ಮದು ಅಫಜಲಪುರ ತಾಲೂಕಿನಲ್ಲಿ ಭೀಮಾ ನದಿಯ ದಂಡೆಯ ಊರು. ಶಾಲೆ ಇದ್ದದ್ದು ಊರ ಹೊರಗೆ, ಎರೆಹೊಲಗಳ ನಡುವೆ. ಏಪ್ರಿಲ್ ತಿಂಗಳಲ್ಲಿ ಪರೀಕ್ಷೆ ಬರೆದು ಮಧ್ಯಾಹ್ನ ಮನೆಗೆ ಬರುವಾಗ ಕರಗಿದ ಡಾಂಬರು ಚಪ್ಪಲಿಗೆ ಮೆತ್ತಿಕೊಳ್ಳುತ್ತಿತ್ತು. ಚಪ್ಪಲಿ ಇಲ್ಲದವರು ಬದಿಯ ಒಣಹುಲ್ಲಿನ ಮೇಲೆ ಹಾರುತ್ತ ಓಡುತ್ತಿದ್ದರು.

ಅಂಥ ಒಂದು ಮಧ್ಯಾಹ್ನ ನಮಗಿಂತ ಕೆಳಗಿನ ತರಗತಿಯ ಹುಡುಗಿಯೊಬ್ಬಳು ನಡುದಾರಿಯಲ್ಲಿ ಕುಸಿದು ಬಿದ್ದಳು. ನಾನೂ ನನ್ನ ಗೆಳತಿಯೂ ಜೊತೆಗಿದ್ದವರೂ ಸೇರಿ ಅವಳ ಕೈಕಾಲು ಹಿಡಿದು ಎತ್ತಿಕೊಂಡು ಹೊರಟೆವು. ಅವಳನ್ನು ಇಳಿಸಿ ದಣಿವಾರಿಸಿಕೊಳ್ಳಲು ಒಂದು ಕೈಯಗಲದ ನೆರಳಾದರೂ ಸಿಕ್ಕೀತೇ ಎಂದು ನೋಡಿದೆವು. ಸಿಗಲಿಲ್ಲ. ನನ್ನ ಗೆಳತಿ ಊರಿನ ದರ್ಜಿಯ ಮಗಳು. ತನ್ನ ದುಪಟ್ಟಾ ಬಿಚ್ಚಿ ಆ ಹುಡುಗಿಯ ಮುಖದ ಮೇಲೆ ಹಿಡಿದುಕೊಂಡೇ ಊರ ಅಗಸಿಬಾಗಿಲತನಕ ನಡೆದಳು. ಹುಡುಗಿ ಸಂಜೆಯ ಹೊತ್ತಿಗೆ ಸುಧಾರಿಸಿಕೊಂಡಳು. ನಮಗೆ ಮಾತ್ರ ಆ ಬರಿದಾದ ದಾರಿ ಕಣ್ಣಿಂದ ಹೋಗಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತಿದು. ಆ ಜೂನ್‌ನಲ್ಲಿ ನಮ್ಮ ವಿಜ್ಞಾನದ ಮಾಸ್ತರು ಶಾಲೆಯಲ್ಲಿ ಒಂದು ಪರಿಸರ ಸಂಘ ಮಾಡಿದರು. ಕಿರಾಣಿ ಅಂಗಡಿಯವರ ಮಗ, ತರಗತಿಯಲ್ಲೇ ಎತ್ತರದ ಹುಡುಗ, ಅಧ್ಯಕ್ಷನಾದ. ನಾನು ಕಾರ್ಯದರ್ಶಿ. ಗೆಳತಿಗೆ ಹುದ್ದೆ ಏನೂ ಸಿಗಲಿಲ್ಲ, ಆದರೆ ಕೆಲಸವೆಲ್ಲ ಅವಳೇ ಮಾಡುತ್ತಿದ್ದಳು. ಮಾಸ್ತರು ಅರಣ್ಯ ಇಲಾಖೆಯವರ ನರ್ಸರಿಯಿಂದ ಪುಕ್ಕಟೆ ಸಸಿ ತಂದರು. ದಾರಿಯುದ್ದಕ್ಕೂ ಗುಂಡಿ ತೋಡಿ ನೆಟ್ಟೆವು, ಜಾಲಿಮುಳ್ಳಿನ ಬೇಲಿ ಕಟ್ಟಿದೆವು. ಮಳೆಗಾಲದಲ್ಲಿ ಚಿಗುರಿದವು, ಚಳಿಗಾಲ ಕಳೆದವು. ಶಿವರಾತ್ರಿ ದಾಟಿದ ಮೇಲೆ ನದಿಯಿಂದ ಕೊಡದಲ್ಲಿ ನೀರು ಹೊತ್ತೆವು. ಏರು ಹತ್ತಿ ಬರುವಷ್ಟರಲ್ಲಿ ಕತ್ತು ಇಳಿದುಹೋಗುತ್ತಿತ್ತು. ಎಷ್ಟು ಹೊತ್ತರೂ ದಾರಿಯ ಆ ತುದಿಗೆ ನೀರು ಮುಟ್ಟಲಿಲ್ಲ. ಮೇ ತಿಂಗಳಲ್ಲಿ ಸಸಿಗಳು ಒಂದೊಂದಾಗಿ ಕಡ್ಡಿಯಾದವು.

"ಕೊಡದಿಂದ ಆಗೂ ಕೆಲಸ ಅಲ್ಲ ಇದು," ಎಂದಳು ಗೆಳತಿ. "ಗಾಡಿ ಬೇಕು. ಪೀಪಾಯಿ ಇಟ್ಟ ಗಾಡಿ. ನಾವೇ ದಬ್ಬೂ ಅಂಥಾದ್ದು."

ಊರ ಕಮ್ಮಾರನನ್ನು ಕೇಳಿದೆವು. ಗಾಲಿ, ಅಚ್ಚು, ಪೀಪಾಯಿ ತಂದುಕೊಟ್ಟರೆ ಕೂಡಿಸಿ ಕೊಡುತ್ತೇನೆ ಎಂದ. ಅಫಜಲಪುರದ ಗುಜರಿ ಅಂಗಡಿಯವನು ಹೇಳಿದ ಬೆಲೆ ಕೇಳಿ ಅಧ್ಯಕ್ಷ ಅಲ್ಲಿಯೇ ಒಂದು ಕಬ್ಬಿಣದ ತುಂಡಿನ ಮೇಲೆ ಕುಳಿತುಬಿಟ್ಟ. ಅಷ್ಟು ರೊಕ್ಕ ನಮ್ಮಲ್ಲಿ ಯಾರೂ ಒಟ್ಟಿಗೆ ಕಂಡಿರಲಿಲ್ಲ.

ಮೊದಲು ಊರಲ್ಲಿ ಪಟ್ಟಿ, ಅಂದರೆ ಚಂದಾ, ಎತ್ತಲು ಹೊರಟೆವು. ಹಬ್ಬಕ್ಕೆ, ಗುಡಿಗೆ ಪಟ್ಟಿ ಕೊಟ್ಟು ರೂಢಿಯಾಗಿದ್ದ ಜನಕ್ಕೆ ಗಿಡದ ಪಟ್ಟಿ ಎಂದರೆ ನಗು ಬಂತು. "ಗಿಡಾನೂ ರೊಕ್ಕ ಕೇಳಾಕತ್ತಾವೇನಲೇ?" ಎಂದು ಒಬ್ಬರು ಕೇಳಿದರು. "ಗಿಡ ಬೆಳಸಾಂವ ಮ್ಯಾಲಿದ್ದಾನ, ಅವನ್ನ ಕೇಳ್ರಿ," ಎಂದು ಇನ್ನೊಬ್ಬರು ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಹೋದರು. ಕೆಲವು ಮನೆಯ ಹೆಂಗಸರು ಮೊರದಲ್ಲಿ ಜೋಳ ತಂದು ಹಾಕಿದರು. ಹಾಗೆ ತಿರುಗುತ್ತ ನಮ್ಮ ಮನೆಗೇ ಬಂದೆವು. ಕಟ್ಟೆಯ ಮೇಲೆ ಅಪ್ಪ ಯಾರೋ ನೆಂಟರೊಂದಿಗೆ ಕುಳಿತಿದ್ದರು. ನನ್ನ ಉಡಿಯಲ್ಲಿದ್ದ ಜೋಳ ನೋಡಿದರು. ಅಧ್ಯಕ್ಷನ ಕೈಗೆ ಒಂದು ನೋಟು ಕೊಟ್ಟು ಕಳಿಸಿ, ನನ್ನನ್ನು ಒಳಗೆ ಕರೆದರು.

"ನಾಳಿಂದ ಮನಿಮನಿಗಿ ಉಡಿ ಒಡ್ಕೋತ ಹೋಗಬ್ಯಾಡ. ಮನಿ ಇಜ್ಜತ್ತು ಅಂತ ಒಂದು ಇರ್ತದ."

ನನಗೆ ಅಳು ಬಂತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಆಯಿ, ಅಪ್ಪನ ತಾಯಿ, ಕೈ ನಿಲ್ಲಿಸದೆಯೇ ಹೇಳಿದಳು: "ಅಂವ ಅನ್ನೂದು ಅರ್ಧ ಖರೇನ ಅದ. ಬಸವಣ್ಣನ ಮನಿತನದಾಗ ಹುಟ್ಟಿ ಬೇಡಾಕ ಯಾಕ ಹೋದಿ? ಕೈ ಕಾಲು ಗಟ್ಟಿ ಅದಾವಿಲ್ಲೋ? ದುಡೀರಿ. ದುಡದು ಗಾಡಿ ತರ್ರಿ. ಆಗ ಯಾರು ನಗ್ತಾರ ನೋಡೋಣು."

ಮರುದಿನ ಆ ಮಾತನ್ನು ಸಂಘದವರಿಗೆ ಹೇಳಿದೆ. ಬೇವಿನ ಹಣ್ಣು ಉದುರುವ ಕಾಲ ಅದು. ಬೇವಿನ ಬೀಜಕ್ಕೆ ಅಫಜಲಪುರದ ವ್ಯಾಪಾರಿ ದುಡ್ಡು ಕೊಡುತ್ತಾನೆ, ಎಣ್ಣೆ ತೆಗೆಸಲು ಕಳಿಸುತ್ತಾನೆ ಎಂದು ಅಧ್ಯಕ್ಷನಿಗೆ ಗೊತ್ತಿತ್ತು. ದಾರಿಯ ಬೇವುಗಳು ಹೋಗಿದ್ದರೂ ಹಿತ್ತಿಲು, ಮಸೀದಿಯ ಅಂಗಳ, ಹೊಲದ ಬದುಗಳಲ್ಲಿ ಇನ್ನೂ ಇದ್ದವು. ಬೆಳಿಗ್ಗೆ ಎದ್ದು ಚೀಲ ಹಿಡಿದು ಹೋಗುತ್ತಿದ್ದೆವು. ಹಣ್ಣಿನ ಅಂಟು ಬೆರಳಿಗೆ ಹತ್ತಿ ತಾಸುಗಟ್ಟಲೆ ಬಿಡುತ್ತಿರಲಿಲ್ಲ. ಊಟದ ರೊಟ್ಟಿಯೂ ಕಹಿ ಹತ್ತುತ್ತಿತ್ತು. ಸಿಪ್ಪೆ ತೊಳೆದು ಬೀಜವನ್ನು ಶಾಲೆಯ ಅಂಗಳದಲ್ಲಿ ಹರವಿ ಒಣಗಿಸಿದೆವು. ಚೀಲಗಳು ತುಂಬುತ್ತ ಬಂದಂತೆ ನಾವು ಗಾಡಿಗೆ ಯಾವ ಬಣ್ಣ ಬಳಿಯಬೇಕೆಂದು ಜಗಳಾಡತೊಡಗಿದೆವು.

ಒಂದು ರಾತ್ರಿ ಗಾಳಿಮಳೆ ಬಂತು. ಶಾಲೆಯ ತಗಡು ಹಾರಿ ಚೀಲಗಳೆಲ್ಲ ನೆನೆದವು. ಆಮೇಲೆ ನಾಲ್ಕು ದಿನ ಬಿಸಿಲೇ ಬೀಳಲಿಲ್ಲ. ಆದರೂ ಆದಷ್ಟು ಹರವಿ, ಆರಿಸಿ, ಬಸ್ಸಿನ ಮೇಲೆ ಹಾಕಿಕೊಂಡು ಅಫಜಲಪುರಕ್ಕೆ ಒಯ್ದೆವು. ವ್ಯಾಪಾರಿ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಎತ್ತಿ ಮೂಸಿದ. ಬೀಜಕ್ಕೆ ಬೂಷ್ಟು ಹಿಡಿದಿತ್ತು.

"ಮಾಲ್ ಖರಾಬ್ ಆಗ್ಯಾದ್ರೆಪಾ. ಹುಡುಗೂರು ಅಂತ ನಿಮ್ಮ ಮಕ ನೋಡಿ ತಗೋಬಹುದು, ಆದ್ರ ಎಣ್ಣಿ ಗಿರಣಿಯವ ನನ್ನ ಮಕ ನೋಡಲ್ಲ," ಎಂದು ಚಹಾ ಕುಡಿಸಿ ಕಳಿಸಿದ. ಅವನು ಒಳ್ಳೆಯವನೇ. ಅದಕ್ಕೇ ಅವನ ಮೇಲೆ ಸಿಟ್ಟು ಮಾಡಲೂ ಬರಲಿಲ್ಲ.

ಮರಳುವ ಬಸ್ಸಿನಲ್ಲಿ ಅಧ್ಯಕ್ಷ ಕಿಟಕಿಯ ಕಡೆ ಮುಖ ಮಾಡಿ, "ಬಂದ್ ಮಾಡೋಣ್ ಬಿಡ್ರಿ ಸಂಘ," ಎಂದ.

ಗೆಳತಿ ತಿರುಗಿದಳು. "ಮಳಿ ಬಂತಂತ ಬೀಜ ಕೆಟ್ಟಾವ. ಅದೇ ಮಳಿ ಬಂತಂತ ಈಗ ಸಸಿ ಹಚ್ಚೂ ಹದ ಬಂದದ. ನಾಳೆ ಬರ್ತೀಯೋ, ಇಲ್ಲಾ ನಾವಿಬ್ರೇ ಗುಂಡಿ ತೋಡಬೇಕೋ, ಅಷ್ಟು ಹೇಳು."

ಅವನು ಬಂದ. ಎಲ್ಲರೂ ಬಂದರು. ಹಳೆಯ ಗುಂಡಿಗಳಲ್ಲಿಯೇ ಮತ್ತೆ ಸಸಿ ನೆಟ್ಟೆವು. ಈಗ ನಮ್ಮ ಮುಂದೆ ಒಂದೇ ಪ್ರಶ್ನೆ ಉಳಿಯಿತು. ಶಿವರಾತ್ರಿಯ ಬಿಸಿಲು ಏರುವುದರೊಳಗೆ ಗಾಡಿ ಬರಬೇಕು. ಇಲ್ಲದಿದ್ದರೆ ಈ ಸಸಿಗಳೂ ಹೋದವು.

ದಾರಿ ತೋರಿದ್ದು ತೊಗರಿ. ಆ ವರ್ಷ ಬೆಳೆ ಚೆನ್ನಾಗಿ ಬಂದಿತ್ತು, ಎಲ್ಲರ ಹೊಲವೂ ಒಮ್ಮೆಗೇ ಕೊಯ್ಲಿಗೆ ನಿಂತಿತು. ಊರಿನ ಅರ್ಧ ಆಳುಗಳು ಕಬ್ಬು ಕಡಿಯಲು ಸೊಲ್ಲಾಪುರದ ಕಡೆ ಹೋಗಿದ್ದರು. ಅಪ್ಪ ಬೆಳಗಾದರೆ ಕೂಲಿಯವರ ಓಣಿ ತಿರುಗಿ ಬರಿಗೈಯಲ್ಲಿ ಬರುತ್ತಿದ್ದರು. ಕಾಯಿ ಬಲಿತು ಸಿಡಿಯತೊಡಗಿದೆ ಎಂದು ಊಟ ಮಾಡುವಾಗಲೂ ಗೊಣಗುತ್ತಿದ್ದರು. ಒಂದು ದಿನ ಅವರು ಕೈ ತೊಳೆಯುವತನಕ ತಡೆದು ಹೇಳಿದೆ.

"ನಿಮಗ ಆಳು ನಾ ತರ್ತೇನ್ರಿ."

"ಎಲ್ಲಿಂದ ತರ್ತಿ?"

"ನಮ್ಮ ಸಂಘದವ್ರು. ಶನಿವಾರ ಮಧ್ಯಾಹ್ನ, ಆಯ್ತವಾರ ಪೂರಾ ದಿನ. ಎಲ್ಲರಿಗೂ ಕೊಟ್ಟಷ್ಟೇ ಮಜೂರಿ ಕೊಡಬೇಕ್ರಿ."

ಅಪ್ಪ ನಕ್ಕರು. ನಂತರ ನಗು ನಿಂತಿತು. "ನೀನೂ ಬರಾಕಿ?"

"ನಾನೂ ಬರ್ತೇನಿ."

"ನನ್ನ ಮಗಳು ನನ್ನ ಹೊಲದಾಗ ಕುಡುಗೋಲು ಹಿಡದು ಕೂಲಿ ಮಾಡಿದ್ರ ಮಂದಿ ಏನಂತಾರ?"

"ಬೇಡಾಕ ಹೋದ್ರ ಇಜ್ಜತ್ತು ಹೋಗ್ತದ ಅಂದ್ರಿ. ದುಡಿಯಾಕ ಹೋದ್ರೂ ಹೋಗ್ತದ ಅಂತೀರಿ. ಹಂಗಾರ ಅದು ಉಳಿಯೂದು ಹೆಂಗ್ರಿ?"

ಇಷ್ಟು ಮಾತು ನಾನು ಅಪ್ಪನ ಎದುರು ಅದುವರೆಗೆ ಆಡಿರಲಿಲ್ಲ. ಅಪ್ಪ ಆಯಿಯ ಕಡೆ ನೋಡಿದರು. ಆಯಿ ಎಲೆಗೆ ಸುಣ್ಣ ಸವರುತ್ತ ತನಗೇನೂ ಕೇಳಿಸಿಯೇ ಇಲ್ಲ ಎಂಬಂತೆ ಕುಳಿತಿದ್ದಳು.

"ಕೆಲಸ ಖರಾಬ್ ಮಾಡಿದ್ರ ಅರ್ಧಾ ದಿನದಾಗ ಕಳಸ್ತೇನಿ," ಎಂದು ಹೇಳಿ ಅಪ್ಪ ಎದ್ದು ಹೋದರು. ಅದೇ ಒಪ್ಪಿಗೆ.

ತೊಗರಿಯನ್ನು ಇಬ್ಬನಿ ಆರುವ ಮೊದಲೇ ಕೊಯ್ಯಬೇಕು. ಬಿಸಿಲೇರಿದರೆ ಕಾಯಿ ಸಿಡಿದು ಕಾಳು ನೆಲಕ್ಕೆ ಹೋಗುತ್ತದೆ. ಭಾನುವಾರ ಕತ್ತಲೆ ಹರಿಯುವಾಗಲೇ ಹೊಲದಲ್ಲಿದ್ದೆವು. ಎತ್ತರದ ಗಿಡಗಳು, ಮುಟ್ಟಿದರೆ ಮೈಯೆಲ್ಲ ಒದ್ದೆ. ಖಾಯಂ ಆಳಾಗಿದ್ದ ಒಬ್ಬ ಹಿರಿಯ ಹೆಂಗಸು ನನ್ನ ಪಕ್ಕದ ಸಾಲು ಹಿಡಿದಿದ್ದಳು. ಮೊದಲ ತಾಸಿನಲ್ಲಿ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಅಷ್ಟು ಮುಂದೆ ಹೋಗಿದ್ದಳು. ಕೊಯ್ದ ಬುಡಗಳು ಚೂಪಾಗಿ ನಿಂತು ಚಪ್ಪಲಿಯೊಳಗೂ ಚುಚ್ಚುತ್ತಿದ್ದವು. ಅಧ್ಯಕ್ಷನ ಹಿಮ್ಮಡಿ ಹರಿಯಿತು. ಅರಿವೆ ಕಟ್ಟಿಕೊಂಡು ಮತ್ತೆ ಬಗ್ಗಿದ. ಗೆಳತಿ ಹಾಡುತ್ತ ಕೊಯ್ಯುತ್ತಿದ್ದಳು. ಮಧ್ಯಾಹ್ನವಾಗುತ್ತಿದ್ದಂತೆ ಹಾಡು ನಿಂತಿತು, ಕುಡುಗೋಲು ನಿಲ್ಲಲಿಲ್ಲ. ಬುತ್ತಿ ಬಿಚ್ಚಿದಾಗ ರೊಟ್ಟಿ ಮುರಿಯಲು ನನ್ನ ಬೆರಳು ಮಡಚುತ್ತಿರಲಿಲ್ಲ. ಆ ಹಿರಿಯ ಹೆಂಗಸು ತಾನೇ ಮುರಿದು ಪುಂಡಿಪಲ್ಯ ಹಚ್ಚಿ ಕೊಟ್ಟಳು. "ಇವತ್ತೊಂದಿನ ಹಿಂಗ ಬೇ. ನಾಳೆ ಕೈ ತಾನೇ ಕಲೀತದ," ಎಂದಳು.

ಅಪ್ಪ ಬದುವಿನ ಮೇಲೆ ಅಡ್ಡಾಡುತ್ತ ನೋಡುತ್ತಿದ್ದರು. ಬಿಟ್ಟುಹೋದ ಗಿಡಗಳಿವೆಯೇ, ಕಾಳು ಉದುರಿದೆಯೇ ಎಂದು ನಮ್ಮ ಸಾಲುಗಳಲ್ಲಿ ಬಗ್ಗಿ ಬಗ್ಗಿ ಹುಡುಕಿದರು. ಅರ್ಧ ದಿನ ಕಳೆಯಿತು. ಹೋಗಿ ಎಂದು ಹೇಳಲಿಲ್ಲ.

ಸಂಜೆ ಕಣದಲ್ಲಿ ಮಜೂರಿ ಕೊಟ್ಟರು. ಖಾಯಂ ಆಳಿನ ಹೆಂಗಸರಿಗೆ ಕೊಟ್ಟರು, ಸಂಘದ ಒಬ್ಬೊಬ್ಬರನ್ನೂ ಕರೆದು ಕೊಟ್ಟರು. ಆಮೇಲೆ ರೊಕ್ಕದ ಚೀಲದ ದಾರ ಎಳೆದು ಜೇಬಿಗೆ ಹಾಕಿಕೊಂಡರು. ನಾನು ನಿಂತೇ ಇದ್ದೆ.

"ಏನು?"

"ನನ್ನ ಮಜೂರಿ ರೀ."

"ಹುಚ್ಚಿ, ಈ ಹೊಲ ಯಾರದು? ನಿಂದೇ ಅಲ್ಲೇನು?"

"ಹೊಲ ನಮ್ದು. ಗಾಡಿ ಸಂಘದ್ದು ರೀ."

ಸಂಘದ ಹುಡುಗರು ನೆಲ ನೋಡುತ್ತಿದ್ದರು. ಆ ಹಿರಿಯ ಹೆಂಗಸು ಮಾತ್ರ ಸೀರೆ ಕೊಡವಿಕೊಳ್ಳುತ್ತ, "ಕೊಡ್ರಿ ಸಾವ್ಕಾರ್ರ. ನನ್ನ ಬಾಜೂಕ ಸಾಲು ಹಿಡಿದಾಕಿ. ಹಿಂದ ಬಿದ್ದಾಳ, ಖರೆ, ಆದ್ರ ಕುಂತಿಲ್ಲ," ಎಂದಳು.

ಅಪ್ಪ ಚೀಲ ಹೊರತೆಗೆದರು. ಕೈ ಚಾಚಿದೆ. ನೋಟು ಇಡಲು ಬಂದವರು ನನ್ನ ಅಂಗೈ ನೋಡಿ ತಡೆದರು. ಬೊಬ್ಬೆಗಳು ಒಡೆದು ರಕ್ತ ಜಿನುಗಿತ್ತು. ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ರೊಕ್ಕವನ್ನು ಬೆರಳುಗಳ ನಡುವೆ ಇಟ್ಟು, "ಮನಿಗಿ ಹೋಗಿ ಅರಿಷಿಣ ಎಣ್ಣಿ ಹಚ್ಕೋ," ಎಂದರು.

"ಬರೋ ಆಯ್ತವಾರ ಮತ್ತ ಬರ್ತೇನ್ರಿ."

"ಬಾ," ಎಂದರು.

ತೊಗರಿ ಮುಗಿಯುವತನಕ ಹೋದೆವು. ನಮ್ಮ ಹೊಲ ಮುಗಿದ ಮೇಲೆ ಬೇರೆಯವರು ತಾವೇ ಕರೆಯತೊಡಗಿದರು. ಪಟ್ಟಿ ಕೇಳಿದಾಗ ಬಾಗಿಲು ಮುಂದೆ ಮಾಡಿದ್ದವರೂ ಅವರಲ್ಲಿ ಇದ್ದರು. ಗೆಳತಿ ಅವರ ಹತ್ತಿರ ತುಸು ಹೆಚ್ಚಿನ ಮಜೂರಿಗೆ ಪಟ್ಟು ಹಿಡಿದಳು, ಗೆದ್ದಳು ಕೂಡ. ಗಾಲಿ, ಅಚ್ಚು, ಪೀಪಾಯಿ ಎಲ್ಲವೂ ಒಬ್ಬರ ಎತ್ತಿನ ಗಾಡಿಯಲ್ಲಿ ಅಫಜಲಪುರದಿಂದ ಬಂದವು. ಕಮ್ಮಾರ ಕೂಡಿಸಿ ಕೊಟ್ಟ. ಬಣ್ಣಕ್ಕೆ ರೊಕ್ಕ ಉಳಿಯಲಿಲ್ಲ, ತುಕ್ಕಿನ ಮೈಯಲ್ಲೇ ಗಾಡಿ ದಾರಿಗಿಳಿಯಿತು.

ಮೊದಲ ದಿನವೇ ಏರಿನಲ್ಲಿ ಅದು ಹಿಂದಕ್ಕೆ ಜಾರಿ ಮಗುಚಿತು. ನೀರೆಲ್ಲ ಹರಿದು ಹೋಯಿತು. ಎತ್ತಿ ನಿಲ್ಲಿಸಿ ಮತ್ತೆ ನದಿಗೆ ಹೋದೆವು. ಅಂದಿನಿಂದ ಇಬ್ಬರು ಮುಂದೆ ಹಗ್ಗ ಎಳೆಯುವುದು, ಇಬ್ಬರು ಹಿಂದೆ ದಬ್ಬುವುದು, ಒಬ್ಬರು ಗಾಲಿಗೆ ಕಲ್ಲು ಕೊಡಲು ಜೊತೆಗೆ ನಡೆಯುವುದು ಎಂದು ಪಾಳಿ ಗೊತ್ತಾಯಿತು. ಏಪ್ರಿಲ್ ಕೊನೆಗೆ ನದಿ ಬತ್ತಿ ನಡುವೆ ಮರಳು ಕಂಡಿತು. ಮರಳಲ್ಲಿ ಗುಂಡಿ ತೋಡಿದೆವು. ಬಸಿದು ಬಂದ ನೀರನ್ನು ಚರಿಗೆಯಿಂದ ಮೊಗೆದು ಮೊಗೆದು ಪೀಪಾಯಿ ತುಂಬಿದೆವು. ನಾನು ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ್ದೆ. ಬೇರೆ ಹುಡುಗಿಯರು ಅಜ್ಜಿಯ ಊರಿಗೆ ಹೋದರು, ನಾವು ಹೋಗಲಿಲ್ಲ.

ಎಲ್ಲ ಸಸಿಗಳೂ ಉಳಿಯಲಿಲ್ಲ. ಕೆಲವನ್ನು ಆಡು ಮೇಯ್ದವು, ಕೆಲವು ಯಾಕೋ ಸತ್ತವು. ಆದರೆ ದಾರಿಯ ಆ ತುದಿಗೂ ಈ ಸಲ ನೀರು ಮುಟ್ಟಿತು. ಮೊದಲ ಮಳೆ ಬಿದ್ದಾಗ ಬೇವಿನ ಸಸಿಗಳು ನಮ್ಮ ಸೊಂಟದೆತ್ತರ ಇದ್ದವು, ತುದಿಯಲ್ಲಿ ಕೆಂಪು ಚಿಗುರು ಹೊತ್ತು.

ಅದೇ ತಿಂಗಳು ನಾನು ಕಾಲೇಜಿಗೆಂದು ಗುಲಬರ್ಗಾಕ್ಕೆ ಹೊರಟೆ. ಗೆಳತಿಯ ಓದು ಅಲ್ಲಿಗೇ ನಿಂತಿತು, ಆದರೆ ಅವಳು ಮದುವೆಯಾಗಿ ಜೇವರ್ಗಿಗೆ ಹೋಗುವತನಕ ಗಾಡಿಯನ್ನು ಬಿಡಲಿಲ್ಲ. ಸಂಘಕ್ಕೆ ಕೆಳಗಿನ ತರಗತಿಯ ಹುಡುಗ ಹುಡುಗಿಯರು ಬಂದರು. ಊರಿನ ಇನ್ನೊಂದು ದಾರಿಗೂ ಸಸಿ ಹಚ್ಚಬೇಕು, ಎರಡನೆಯ ಗಾಡಿ ಬೇಕು ಎಂದು ನಿರ್ಧರಿಸಿ, ಚಳಿಗಾಲದಲ್ಲಿ ನಮ್ಮ ಅಪ್ಪನ ಹತ್ತಿರವೇ ಹೋದರಂತೆ, ಕಡಲೆ ಹೊಲದ ಕೊಯ್ಲು ನಮಗೇ ಕೊಡಿ ಎಂದು. ಅಪ್ಪ ಮಜೂರಿಯಲ್ಲಿ ಚೌಕಾಸಿಗೆ ಇಳಿದರಂತೆ. ಆ ಹುಡುಗರೂ ಕಟ್ಟೆಯ ಮೇಲೆ ಕುಳಿತವರು, ಮಜೂರಿಯ ಮಾತು ಪಕ್ಕಾ ಆಗುವತನಕ ಏಳಲಿಲ್ಲವಂತೆ.