ಜೋಳಬಂದರದ ಮಾಸ್ತರು

ನಮ್ಮ ಮಾಸ್ತರ ಕರಿ ಕೋಟಿನ ಎಡಗಿಸೆ ಯಾವಾಗಲೂ ತುಂಬು ಬಸುರಿಯ ಹೊಟ್ಟೆಯಂತೆ ಉಬ್ಬಿರುತ್ತಿತ್ತು. ಬಲಗಿಸೆ ಚಪ್ಪಟೆ. ಅದರಲ್ಲಿ ಸಾಲೆಯ ಬೀಗದ ಕೈ ಮತ್ತು ಒಂದು ವಸ್ತ್ರ, ಅಷ್ಟೇ. ಎಡಗಿಸೆಯ ಭಾರಕ್ಕೆ ಕೋಟು ಒಂದು ಕಡೆ ಜೋತುಬಿದ್ದು, ದೂರದಿಂದ ಬರುವಾಗ ಅವರಿಗೆ ಒಂದೇ ಹೆಗಲು ಇರುವಂತೆ ಕಾಣುತ್ತಿತ್ತು. ಆ ಕಿಸೆಯಲ್ಲಿ ಏನೇನಿತ್ತು ಎಂಬುದು ನನಗೆ ಇಂದಿಗೂ ಬಾಯಿಪಾಠ: ಕಡ್ಡಿಪೆಟ್ಟಿಗೆಯ ಮೇಲಿನ ಹಡಗಿನ ಚಿತ್ರ, ಖಾರೀಕೆಂಬ ಒಣಖರ್ಜೂರದ ಬೀಜ, ಕಲ್ಲುಪ್ಪಿನ ಒಂದು ದೊಡ್ಡ ಹರಳು, ಚಹಾದ ಡಬ್ಬಿಯಿಂದ ಕಿತ್ತ ಬಣ್ಣದ ಚೀಟಿ, ಎರಡು ಕವಡೆ, ಒಡೆದ ನೀಲಿ ಗಾಜಿನ ಚೂರು. ಊಟ ಮರೆತೇನು, ಆ ಕಿಸೆ ಮರೆಯಲಾರೆ.

ನಮ್ಮ ಸೀಮೆ ಆಗ ನಿಜಾಮರದು. ಅಫಜಲಪುರದ ಕಡೆ, ಕರಜಗಿಯಿಂದ ಆಚೆಗೆ ನಮ್ಮ ಹಳ್ಳಿ. ಇನ್ನೂ ಸ್ವಲ್ಪ ಹೋದರೆ ಇಂಗ್ರೇಜರ ಮುಲುಕು. ಗಡಿಯಲ್ಲಿ ಕರೋಡಗಿರಿ ನಾಕಾ ಇತ್ತು. ಆಚೆಯಿಂದ ಬರುವ ಬಂಡಿಗಳನ್ನು ನಿಲ್ಲಿಸಿ, ಮಾಲು ಬಿಚ್ಚಿಸಿ, ಸುಂಕ ಹಾಕುವ ಕಟ್ಟೆ ಅದು. ಮಾಸ್ತರ ತಂದೆ ಆ ನಾಕಾದಲ್ಲಿ ಸಿಪಾಯಿಯಾಗಿದ್ದರಂತೆ. ಮಾಸ್ತರು ಅಲ್ಲಿಯೇ, ಬಂಡಿಗಳ ನಡುವೆ ಆಡಿ ಬೆಳೆದವರು. ಸಮುದ್ರವನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ. ಸಮುದ್ರದಿಂದ ಬಂದ ಗಂಟುಗಳನ್ನು ಮಾತ್ರ ನೋಡಿದ್ದರು. ಮುಟ್ಟಿದ್ದರು, ಮೂಸಿದ್ದರು. ಉದುರಿದ್ದನ್ನು ಆರಿಸಿ ಕಿಸೆಗೆ ಹಾಕಿಕೊಂಡಿದ್ದರು.

ಸಾಲೆಯಲ್ಲಿ ನಾವು ಮೂವರೇ ಹುಡುಗಿಯರು. ಮೂವರಲ್ಲಿ ನಾನು ಹೆಚ್ಚು ಬಾಯಿಬಡಕಿ. ಗೋಡೆಗೆ ಒಂದು ನಕಾಶೆ ತೂಗುಹಾಕಿತ್ತು. ಅದರ ಅಂಚನ್ನೆಲ್ಲ ಗೆದ್ದಲು ತಿಂದಿತ್ತು. ಸಮುದ್ರವೆಲ್ಲ ಗೆದ್ದಲಿನ ಹೊಟ್ಟೆಗೆ ಹೋಗಿ ನಡುವಿನ ಒಣನೆಲ ಮಾತ್ರ ಉಳಿದಿತ್ತು. ಒಂದು ದಿನ ಮಾಸ್ತರು ಆ ನಕಾಶೆಯ ಮೇಲೆ ಭೀಮಾ ಹೊಳೆಯನ್ನು ಬೆತ್ತದಿಂದ ತೋರಿಸುತ್ತಿದ್ದಾಗ ನಾನು ಎದ್ದುನಿಂತೆ.

"ನಮ್ಮ ಹೊಳಿ ಎಲ್ಲಿಗಿ ಹೋಗ್ತದ್ರಿ ಮಾಸ್ತರ್ರ?"

"ಕೃಷ್ಣಾಕ್ಕ ಕೂಡ್ತದ. ಕೃಷ್ಣಾ ಸಮುದ್ರಕ್ಕ ಕೂಡ್ತದ."

"ಅಲ್ಲಿ ಏನದರಿ?"

ಮಾಸ್ತರು ಬೆತ್ತವನ್ನು ಗೆದ್ದಲು ತಿಂದ ಜಾಗಕ್ಕೆ ತಂದು ನಿಲ್ಲಿಸಿದರು. ಬೇರೆ ಮಾಸ್ತರಾಗಿದ್ದರೆ "ಕೂಡ್ರ ಸುಮ್ನ" ಎನ್ನುತ್ತಿದ್ದರು. ಇವರು ಎಡಗಿಸೆಗೆ ಕೈಹಾಕಿ ಕಡ್ಡಿಪೆಟ್ಟಿಗೆಯ ಹಡಗನ್ನು ಹೊರಗೆ ತೆಗೆದರು. "ಅಲ್ಲಿ ನಮ್ಮ ಬಂದರ ಅದ" ಎಂದರು. ಹೆಸರೇನು ಎಂದು ಕೇಳಿದೆ. ಅವರು ಕಿಟಕಿಯ ಹೊರಗೆ ನೋಡಿದರು. ಹೊರಗೆ ಎರಿಹೊಲದಲ್ಲಿ ಆಳೆತ್ತರದ ಬಿಳಿಜೋಳ ತೆನೆ ತೂಗುತ್ತ ನಿಂತಿತ್ತು.

"ಜೋಳಬಂದರ" ಎಂದರು.

ಮರುದಿನದಿಂದ ನಮ್ಮ ಸಾಲೆಗೆ ಒಂದು ಹೊಸ ಪದ್ಧತಿ ಬಂತು. ಮುಂಜಾನೆ ಮಾಸ್ತರು ಬಾಗಿಲಲ್ಲಿ ತಮ್ಮ ಟವೆಲ್ಲನ್ನು ಅಡ್ಡ ಹಿಡಿದು ನಿಲ್ಲುತ್ತಿದ್ದರು. ಅದು ಜೋಳಬಂದರದ ನಾಕಾ. ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳುವುದು ಒಂದೇ ಮಾತು: "ಏನ್ ತಂದಿ?" ಏನಾದರೂ ತಂದಿರಬೇಕು. ಹಾದಿಯಲ್ಲಿ ಸಿಕ್ಕ ಗರಿ, ಹೊಸದಾಗಿ ಅರಳಿದ ಕುಸುಬಿಯ ಹೂ, ಅಜ್ಜಿ ಹೇಳಿದ ಒಡಪು, ಯಾವುದೂ ಇಲ್ಲದಿದ್ದರೆ ಕಣ್ಣಾರೆ ಕಂಡ ಒಂದು ಸುದ್ದಿ. "ಖಾಲಿ ಕೈಲೆ ಬಂದವ್ರಿಗಿ ಬಂದರದಾಗ ಜಾಗಾ ಇಲ್ಲ" ಎಂದು ಅವರು ಹೇಳುತ್ತಿದ್ದರು. "ಒಂದು ಕೊಟ್ಟು ಒಂದು ತಗೋಬೇಕು. ಪುಗಸಟ್ಟೆ ತಗೊಂಡ್ರ ಅದು ಯಾಪಾರ ಅಲ್ಲ, ಲೂಟಿ." ಒಳಗೆ ಬಂದವರಿಗೆ ಬದಲಿಗೆ ಒಂದು ಹೊಸ ಶಬ್ದವನ್ನೋ ಒಂದು ಊರಿನ ಹೆಸರನ್ನೋ ಅವರು ಕೊಡುತ್ತಿದ್ದರು. ಅದೇ ಪಾಠ.

ದಿನಕ್ಕೊಂದು ಓಣಿಯಂತೆ ಆ ಬಂದರ ಬೆಳೆಯಿತು. ಉಪ್ಪಿನ ಓಣಿ, ಖಾರೀಕಿನ ಓಣಿ, ಗಾಜಿನ ಓಣಿ. ಅಲ್ಲಿ ಗಾಳಿ ಮಾರುವವರಿದ್ದರು. ತೊಗಲಿನ ಚೀಲದಲ್ಲಿ ಗಾಳಿ ತುಂಬಿ ಬಾಯಿ ಕಟ್ಟಿ ಇಟ್ಟಿರುತ್ತಿದ್ದರು, ಹಡಗಿನವರು ಮೂಡಗಾಳಿ ಎಷ್ಟು, ಪಡುಗಾಳಿ ಎಷ್ಟು ಎಂದು ಕೇಳಿ ಒಯ್ಯುತ್ತಿದ್ದರು. ಹನ್ನೆರಡು ದೇಶದವರು, ಹನ್ನೆರಡು ಭಾಷೆ. ಆದರೆ ದನದ ಸಂತೆಯಲ್ಲಿ ನಮ್ಮವರು ಮಾಡುವ ಹಾಗೆ ಎಲ್ಲರೂ ಅರಿವೆಯ ಕೆಳಗೆ ಕೈ ಇಟ್ಟು, ಬೆರಳು ಹಿಡಿದು ಚೌಕಾಸಿ ಮಾಡುವುದರಿಂದ ಯಾರಿಗೂ ಮಾತಿನ ಹಂಗಿಲ್ಲ. ಅಲ್ಲಿಯ ರಾಣಿಯರು ನಮ್ಮ ಜೋಳವನ್ನು ಮುತ್ತಿನಂತೆ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಇದನ್ನು ಕೇಳಿ ಮನೆಗೆ ಹೋಗಿ ನಾನು ಅವ್ವನ ಮುಂದೆ, ಇಷ್ಟು ಬೆಲೆಯುಳ್ಳದ್ದನ್ನು ದಿನಾ ಬೀಸಿ ರೊಟ್ಟಿ ಬಡಿಯುತ್ತೀಯಲ್ಲ ಎಂದು ಜಗಳ ತೆಗೆದಿದ್ದುಂಟು. ಅವ್ವ ರೊಟ್ಟಿ ನಾದುವ ಕೊಣಮಿಗೆಗೆ ಇನ್ನೆರಡು ಹಿಡಿ ಹಿಟ್ಟು ಸುರಿದು, "ಹುಚ್ಚ ಹಿಡದದ ಇದಕ" ಎಂದಳು.

ಮಾಸ್ತರು ಪ್ರತಿಯೊಬ್ಬರಿಗೂ ಅಲ್ಲಿ ಒಂದು ಕೆಲಸ ಹಂಚಿದ್ದರು. ಊರಿನ ಪದ್ಧತಿಯಂತೆ ಸಾಲೆಯ ಹೊರಗಿನ ಕಟ್ಟೆಯ ಮೇಲೆ ಕೂಡುತ್ತಿದ್ದ ಕೇರಿಯ ಇಬ್ಬರು ಹುಡುಗರಿಗೆ ಬಂದರದ ನಟ್ಟನಡುವಿನ ದೀಪದ ಗೋಪುರ ಕೊಟ್ಟರು. ಅವರು ದೀಪ ಹಚ್ಚದೆ ಯಾವ ಹಡಗೂ ದಡ ಮುಟ್ಟುವಂತಿಲ್ಲ. ಊರ ಗೌಡರ ಮಗ ಹಡಗು ತರಬೇಕಾದರೂ ಮೊದಲು ಅವರನ್ನು "ದೀಪಾ ಹಚ್ಚರ್ರೆಪ್ಪಾ" ಎಂದು ಕೇಳಬೇಕಿತ್ತು, ಕೇಳುತ್ತಿದ್ದ. ನನಗೆ ಸಿಕ್ಕಿದ್ದು ನೆರಳಿನ ಅಂಗಡಿ.

"ನೆಳ್ಳು ಯಾರ್ ತಗೋತಾರ್ರಿ?" ಎಂದು ನಾನು ಮುಖ ಊದಿಸಿದೆ.

"ಸಮುದ್ರದಾಗ ಗಿಡಾ ಇರ್ತಾವೇನು? ತಿಂಗಳಾನುಗಟ್ಟಲೆ ಬಿಸಿಲಾಗ ಬರ್ತಾರ ಪಾಪ. ನಮ್ಮ ಬೇವಿನ ಗಿಡದ ನೆಳ್ಳು ನಾಲ್ಕು ಮೊಳ ಹರದು ಕೊಡು, ಹಡಗ ಬರದು ಕೊಡ್ತಾರ ನಿನಗ."

ಆ ಬೇಸಿಗೆಯೆಲ್ಲ ನಾನು ಬೇವಿನ ಕೆಳಗೆ ಕೂತು ನನ್ನ ಸರಕನ್ನು ಕಣ್ಣಿನಲ್ಲೇ ಅಳೆದೆ. ಉಳಿದವರಿಗೆ ಅದು ಆಟವೆಂದು ಗೊತ್ತಿತ್ತೋ ಏನೋ, ನನಗೆ ಗೊತ್ತಿರಲಿಲ್ಲ. ನಾನು ನಂಬಿದ್ದೆ. ದೊಡ್ಡವಳಾದ ಮೇಲೆ ಹೊಳೆಗುಂಟ ನಡೆದು ಅಲ್ಲಿಗೆ ಹೋಗುವುದೆಂದು ನಿಶ್ಚಯ ಮಾಡಿಕೊಂಡಿದ್ದೆ.

ಆ ಚಳಿಗಾಲದಲ್ಲಿ ತಪಾಸಣೆಗೆ ಸಾಹೇಬರು ಬಂದರು. ಶೇರವಾನಿ ತೊಟ್ಟ, ಅತ್ತರು ಪೂಸಿದ, ನಗುಮುಖದ ಮನುಷ್ಯ. ಕೆಟ್ಟವರೇನಲ್ಲ. ಆದರೆ ಉತ್ತರವಿಲ್ಲದ ಪ್ರಶ್ನೆ ಕೇಳಿ ಮಕ್ಕಳು ಪೇಚಾಡುವುದನ್ನು ನೋಡುವ ಚಟ ಅವರಿಗೆ. ಮಗ್ಗಿ ಕೇಳಿದರು, ಉರ್ದು ಓದಿಸಿದರು, ಎಲ್ಲ ಸರಿಹೋಯಿತು. ಹೊರಡುವ ಮುಂಚೆ, ನಮ್ಮ ರಿಯಾಸತ್ತಿನ ಬಂದರು ಯಾವುದು ಎಂದು ಕೇಳಿದರು. ಯಾವುದೂ ಇಲ್ಲ ಎಂಬುದೇ ಸರಿಯುತ್ತರ. ನಿಜಾಮರ ರಾಜ್ಯಕ್ಕೆ ಸಮುದ್ರವೇ ಇರಲಿಲ್ಲ.

ನಾನು ಕೈ ಎತ್ತಿದೆ. ಮಾಸ್ತರು ನನ್ನ ಕಡೆ ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದ್ದು ಈಗಲೂ ಕಣ್ಣಮುಂದಿದೆ. ಆಗ ಅದು ನನಗೆ 'ಹೇಳು' ಎಂದಂತೆ ಕಂಡಿತು.

"ಜೋಳಬಂದರ್ರಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಾಹೇಬರು ಹುಬ್ಬೇರಿಸಿದರು. ಅದು ಎಲ್ಲಿದೆ, ಅಲ್ಲಿ ಏನು ಸಿಗುತ್ತದೆ ಎಂದು ಕೇಳಿದರು. ಇಡೀ ಸಾಲೆಯೇ ಎದ್ದು ನಿಂತು, ನಾ ಮುಂದು ತಾ ಮುಂದು ಎಂದು ಗಾಳಿಯ ಚೀಲದಿಂದ ಹಿಡಿದು ರಾಣಿಯರ ಜೋಳದ ಸರದವರೆಗೆ ಒಪ್ಪಿಸಿತು. ಕಟ್ಟೆಯ ಮೇಲಿನ ಇಬ್ಬರೂ ಬಾಗಿಲಿಗೆ ಬಂದು ದೀಪದ ಗೋಪುರ ತಮ್ಮದೆಂದು ಹೇಳಿದರು. ಸಾಹೇಬರ ನಗು ಮೆಲ್ಲಗೆ ಆರಿತು. ಸರಕಾರದ ಸಾಲೆಯಲ್ಲಿ ಇಲ್ಲದ ಊರು ಕಲಿಸುವ ಮಾಸ್ತರನನ್ನು ಆ ಕೂಡಲೇ ಮನೆಗೆ ಕಳಿಸಬಹುದಿತ್ತು. ಅವರು ತಪಾಸಣೆಯ ವಹಿಯನ್ನು ಬಿಚ್ಚಿ, ಬರೆಯದೆ, ಲೇಖನಿ ಎತ್ತಿ ಹಿಡಿದು ಮಾಸ್ತರಿಗೆ ಉರ್ದುವಿನಲ್ಲಿ ಹೇಳಿದರು: ಅಂಥ ಶಹರು ಇಲ್ಲವೆಂದು ಮಕ್ಕಳಿಗೆ ನೀವೇ ಹೇಳಿ. ಮಕ್ಕಳೂ ಹಾಗೆ ಹೇಳಲಿ. ನಾನು ಏನೂ ಬರೆಯುವುದಿಲ್ಲ.

ಮಾಸ್ತರಿಗೆ ನಾಲ್ವರು ಹೆಣ್ಣುಮಕ್ಕಳು. ಹೆಂಡತಿ ಹಾಸಿಗೆ ಹಿಡಿದಿದ್ದರು. ಇದು ನನಗೆ ಈಗ ಅರ್ಥವಾಗುತ್ತದೆ, ಅಂದು ಆಗಲಿಲ್ಲ. ಅವರು ಎಡಗಿಸೆಯ ಮೇಲೆ ಕೈ ಇಟ್ಟುಕೊಂಡು ನಮ್ಮ ಕಡೆ ತಿರುಗಿದರು.

"ಇಲ್ಲ" ಎಂದರು. "ಜೋಳಬಂದರ ಅನ್ನೂ ಊರು ಇಲ್ಲ. ಅನ್ರಿ ಎಲ್ಲಾರೂ."

ಮೂರು ಸಲ ಎಲ್ಲರೂ ಇಲ್ಲ ಎಂದು ಒದರಿದರು. ನಾನು ಹಲ್ಲು ಕಚ್ಚಿ ನಿಂತೆ. ಸಾಹೇಬರು ವಹಿಯಲ್ಲಿ ಎಲ್ಲ ಠೀಕ್ ಎಂದು ಬರೆದು, ಮಾಸ್ತರ ಬೆನ್ನು ತಟ್ಟಿ, ಟಾಂಗಾ ಹತ್ತಿದರು.

ಮರುದಿನ ನಾನು ನವಿಲುಗರಿ ಹಿಡಿದು ಬಾಗಿಲಿಗೆ ಹೋದೆ. ಬಾಗಿಲಲ್ಲಿ ಟವೆಲ್ ಇರಲಿಲ್ಲ. ಮಾಸ್ತರು ಒಳಗೆ ಕುರ್ಚಿಯಲ್ಲಿ ಕೂತು ತಲೆ ಎತ್ತದೆ ಹೆಸರು ಕೂಗುತ್ತಿದ್ದರು. ನನ್ನ ಹೆಸರು ಬಂದಾಗ "ಹಾಜರ್ರಿ" ಎಂದು ಗರಿಯನ್ನು ಎತ್ತಿ ತೋರಿಸಿದೆ. ಅವರು ಮುಂದಿನ ಹೆಸರು ಕೂಗಿದರು. ಕೋಟಿನ ಎಡಗಿಸೆ ಬಲಗಿಸೆಯಷ್ಟೇ ಚಪ್ಪಟೆಯಾಗಿತ್ತು. ಎರಡು ಹೆಗಲೂ ಸರಿಸಮ ಕಾಣುತ್ತಿದ್ದವು. ಅವರು ನನಗೆ ಎರಡು ಏಟು ಕೊಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಬಯ್ಯಲೂ ಇಲ್ಲ. ಮುಂದಿನ ಎರಡು ವರ್ಷ ಪುಸ್ತಕದಲ್ಲಿದ್ದುದನ್ನು ಇದ್ದ ಹಾಗೆ ಕಲಿಸಿದರು. ಆಮೇಲೆ ಮನೆಯವರು ನನ್ನ ಸಾಲೆ ಬಿಡಿಸಿ ಆಳಂದದ ಕಡೆ ನರೋಣಾಕ್ಕೆ ಮದುವೆ ಮಾಡಿ ಕೊಟ್ಟರು.

ಗಂಡನ ಮನೆ ಒಳ್ಳೆಯದಿತ್ತು, ಸುಳ್ಳು ಹೇಳಬಾರದು. ಆದರೂ ಮಧ್ಯಾಹ್ನ ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚುವಾಗ ಮರದ ನೆರಳು ಕಂಡರೆ ಬುತ್ತಿ ಬಿಟ್ಟು ಅದನ್ನು ಮೊಳದ ಲೆಕ್ಕದಲ್ಲಿ ಅಳೆಯುತ್ತ ಕೂಡುತ್ತಿದ್ದೆ. ಹುಟ್ಟೂರಿಗೆ ಹಂಬಲಿಸುವವರನ್ನು ಕಂಡಿದ್ದೇನೆ. ನಾನು ಹಂಬಲಿಸಿದ್ದು ಇಲ್ಲದ ಊರಿಗೆ. ಅದನ್ನು ಇಲ್ಲ ಎನ್ನಿಸಿದವಳೂ ನಾನೇ. ಯಾರ ಮುಂದೆ ಹೇಳಲಿ?

ಆಮೇಲೆ ಒಂದು ವರ್ಷ ಮುಂಬಯಿಗೆ ಹೋಗುವ ಸಂದರ್ಭ ಬಂತು. ನಮ್ಮ ಭಾವನವರು ಅಲ್ಲಿ ಗಿರಣಿಯಲ್ಲಿದ್ದರು, ಅವರ ಮಗಳ ಮದುವೆ. ಹೊರಡುವ ಮುಂಚೆ ಕಣಜದಿಂದ ಒಂದು ಹಿಡಿ ಜೋಳ ತೆಗೆದು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡೆ. ಮದುವೆ ಮುಗಿದ ಮೇಲೆ ಭಾವನ ಹೆಂಡತಿಯಾದ ನೆಗೆಣ್ಣಿಯನ್ನು ಕಾಡಿಬೇಡಿ ಬಂದರು ನೋಡಲು ಹೋದೆ. ಹಡಗುಗಳಿದ್ದವು, ಊರಿಗೂರೇ ತೇಲಿದಷ್ಟು ದೊಡ್ಡವು. ಕಲ್ಲಿದ್ದಲಿನ ಹೊಗೆ, ಚೀಲ ಹೊತ್ತು ಬಗ್ಗಿದ ಹಮಾಲರು, ಕೂಗಾಟ. ಗಾಳಿ ಮಾರುವವರಿರಲಿಲ್ಲ. ನೆರಳಂತೂ ಎಲ್ಲಿಯೂ ಇರಲಿಲ್ಲ. ನಾನು ಬಿಕ್ಕಿಬಿಕ್ಕಿ ಅತ್ತೆ.

"ಯಾಕ ಬೇ, ಯಾಕ ಅಳಾಕತ್ತಿ?" ಎಂದು ನೆಗೆಣ್ಣಿ ಗಾಬರಿಯಾದಳು.

"ಬಿಸಿಲು ಭಾಳ ಅದ" ಎಂದೆ. ಅದೇನು ಸುಳ್ಳಲ್ಲ.

ಆಮೇಲೆ ಮರಳಿನ ದಂಡೆಗೆ ಹೋಗಿ, ಕಾಲು ನೆನೆಯುವವರೆಗೆ ನೀರಿಗಿಳಿದು, ಗಂಟು ಬಿಚ್ಚಿ ಜೋಳವನ್ನು ಅಲೆಗೆ ಹಾಕಿದೆ. ಹಾಕಿದ ಮೇಲೆ ಒಂದು ಚಿಪ್ಪು ಆರಿಸಿಕೊಂಡೆ.

ಆ ವರ್ಷ ಪಂಚಮಿಗೆ ತವರಿಗೆ ಹೋದಾಗ ಮಾಸ್ತರಿಗೆ ಲಕ್ವ ಹೊಡೆದಿದೆ ಎಂದು ತಿಳಿಯಿತು. ಸಂಜೆ ಹೋದೆ. ಅವರು ಪಡಸಾಲೆಯಲ್ಲಿ ಮಂಚದ ಮೇಲಿದ್ದರು, ಒಂದು ಹೆಗಲು ಪೂರ್ತಿ ತಗ್ಗಿತ್ತು. ಗೂಟಕ್ಕೆ ಅದೇ ಕರಿ ಕೋಟು. ನಾನು ಹೊಸ್ತಿಲಲ್ಲೇ ನಿಂತೆ, ಒಳಗೆ ಕಾಲಿಡುವ ಧೈರ್ಯ ಬರಲಿಲ್ಲ. ಅವರು ತಲೆ ಹೊರಳಿಸಿ ನೋಡಿದರು.

"ನೆಳ್ಳಿನ ಅಂಗಡಿಯಾಕಿ ಅಲ್ಲೇನು?"

"ಹೌದ್ರಿ ಮಾಸ್ತರ್ರ."

ಮಾತು ತೊದಲುತ್ತಿತ್ತು. ಆದರೂ ಮುಂದಿನದು ಸ್ಪಷ್ಟ ಕೇಳಿಸಿತು. "ಏನ್ ತಂದಿ?"

ಒಳಗೆ ಹೋಗಿ ಅವರ ಸರಿಯಿದ್ದ ಕೈಯಲ್ಲಿ ಚಿಪ್ಪು ಇಟ್ಟೆ. ಅವರು ಹೆಬ್ಬೆರಳಿನಿಂದ ಅದನ್ನು ಸವರಿದರು, ಮೂಗಿನ ಹತ್ತಿರ ಹಿಡಿದರು. ನಾಕಾದ ಸಿಪಾಯಿಯ ಮಗ, ಮಾಲನ್ನು ಪರೀಕ್ಷಿಸದೆ ಬಿಡುವವರಲ್ಲ.

"ಇದಕ್ಕ ಬದಲಿ ಏನ್ ಕೊಟ್ಟಿ?"

"ಒಂದ್ ಹಿಡಿ ಜೋಳರಿ. ನಮ್ಮ ಹೊಲದ್ದು. ಸಮುದ್ರಕ್ಕ ಹಾಕಿ ಬಂದೀನ್ರಿ."

ಅವರು ಕಣ್ಣು ಮುಚ್ಚಿದರು. ನಿದ್ದೆ ಹತ್ತಿತೆಂದುಕೊಂಡೆ. "ಅವತ್ತ ನಂದ ತಪ್ಪಾತ್ರಿ" ಎಂದು ಇಷ್ಟು ವರ್ಷ ಎದೆಯಲ್ಲಿದ್ದುದನ್ನು ಆಡಿಬಿಟ್ಟೆ. ಅವರು ಕಣ್ಣು ತೆರೆಯಲಿಲ್ಲ.

"ಮೂರು ಸಲ ಎಲ್ಲಾರೂ ಇಲ್ಲ ಅಂದ್ರು. ನೀ ಒಬ್ಬಾಕಿ ಅನ್ನಲಿಲ್ಲ. ನಾ ನೋಡೀನಿ." ಸ್ವಲ್ಪ ಉಸಿರು ಎಳೆದುಕೊಂಡರು. "ನಮ್ಮ ಜೋಳ ಸಮುದ್ರಾ ಮುಟ್ಟೇದಲ್ಲ? ಹಂಗಾರ ಆ ಊರು ಈಗ ಅದ."

ಚಿಪ್ಪನ್ನು ನನ್ನ ಕೈಗೆ ಕೊಟ್ಟು ಗೂಟದ ಕಡೆ ಕಣ್ಣು ತೋರಿಸಿದರು. ನಾನು ಎದ್ದು ಅದನ್ನು ಕೋಟಿನ ಎಡಗಿಸೆಗೆ ಹಾಕಿದೆ. ಕಿಸೆ ಖಾಲಿಯಿತ್ತು, ಆದರೆ ತಳ ಹರಿದಿರಲಿಲ್ಲ.

ದೀಪಾವಳಿಗೆ ಮುಂಚೆ ಅವರು ತೀರಿಕೊಂಡರು. ಸುದ್ದಿ ಬಂದಾಗ ನಾನು ನರೋಣಾದ ಮನೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದೆ. ಅಳುತ್ತಲೇ ಒಂದು ಹಿಡಿ ಬೇರೆ ತೆಗೆದಿಟ್ಟೆ. ಸಮುದ್ರದ ಕಡೆ ಮತ್ತೆ ಹೋಗುವುದಾಗಲಿಲ್ಲ. ಹುಳ ಬೀಳದಂತೆ ಪ್ರತಿ ಸುಗ್ಗಿಗೂ ಹಳೆಯದನ್ನು ಬಿತ್ತನೆಗೆ ಕೂಡಿಸಿ, ಹೊಸ ಹಿಡಿ ತುಂಬಿಡುತ್ತೇನೆ. ನಾನೂ ಹೋಗುವ ದಿನ ಜೋಳಬಂದರದ ಬಾಗಿಲಲ್ಲಿ ಅವರು ಟವೆಲ್ ಅಡ್ಡ ಹಿಡಿದು ನಿಂತಿರುತ್ತಾರೆ, ಖಾಲಿ ಕೈಯಲ್ಲಿ ಹೋದರೆ ಒಳಗೆ ಬಿಡುವುದಿಲ್ಲ.