ಮೋಡೆಮ್ಮಿನ ದೀಪ

ನನ್ನ ನಾದಿನಿಯ ಗಂಡನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ. ಆರುವುದು ನನಗೇ ಬೇಡ. ಬಿ.ಸಿ.ರೋಡಿನಲ್ಲಿ ಅವನದ್ದು ಕಂಪ್ಯೂಟರ್ ಅಂಗಡಿ. ಸಂಬಂಧದಲ್ಲಿ ನನಗೆ ಅಣ್ಣನಾಗಬೇಕು, ಹಾಗಾಗಿ ಎದುರಲ್ಲಿ ಅಣ್ಣ ಅನ್ನಲೇಬೇಕು. ಬರೆಯುವಾಗ ಆ ಮರ್ಯಾದೆಯೆಲ್ಲ ಇಲ್ಲ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷ ಆಗಿತ್ತು. ಗಂಡ ದುಬೈಯಲ್ಲಿ, ನಾನು ಅತ್ತೆಯೊಟ್ಟಿಗೆ ಪುಂಜಾಲಕಟ್ಟೆಯ ಮನೆಯಲ್ಲಿ. ಗಂಡನಿಗೆ ಇಮೇಲ್ ಬರೆಯಲಿಕ್ಕೆ ಆಗ್ತದೆ ಅಂತ ಈ ಅಣ್ಣನೇ ಕಂಪ್ಯೂಟರ್ ಜೋಡಿಸಿ ತಂದು ಕೂರಿಸಿದ. ಎಂಥ ಒಳ್ಳೆಯ ಮನುಷ್ಯ ಅಂತ ನಾನು ಅವತ್ತು ಕೋಳಿ ಸಾರು ಮಾಡಿ ಬಡಿಸಿದ್ದೆ.

ನನಗೆ ಬಿ.ಎಡ್. ಮಾಡುವ ಆಸೆ. ಮೂಡುಬಿದಿರೆ ನನ್ನ ತವರೂರು, ಅಲ್ಲಿ ಕಾಲೇಜು ಉಂಟು, ಬೆಳಿಗ್ಗೆ ಹೋದರೆ ಸಂಜೆಗೆ ವಾಪಸು. ಮೊದಲು ಗಂಡನನ್ನು ಕೇಳುವ, ಅವರೇ ಅಮ್ಮನಿಗೆ ಹೇಳಲಿ ಅಂತ ಇಮೇಲ್ ಬರೆದೆ. ಅವರ ಉತ್ತರ ಬರುವ ಮೊದಲೇ ಅತ್ತೆಯ ಮುಖ ಊದಿತ್ತು. ಓದುವ ನೆಪದಲ್ಲಿ ತವರಿಗೆ ಹೋಗಿ ಕೂರುವ ಉಪಾಯವಂತೆ ನನ್ನದು. ಯಾರು ಹೇಳಿದ್ದು ಅಂದರೆ ಬಾಯಿ ಬಿಡಲಿಲ್ಲ. ಗಂಡನದ್ದೇ ಕೆಲಸ ಅಂತ ಫೋನಿನಲ್ಲಿ ಅವರೊಟ್ಟಿಗೆ ಜಗಳ ಮಾಡಿದೆ. ಅವರು ಆಣೆ ಹಾಕಿದರೂ ನಂಬಲಿಲ್ಲ. ನಮ್ಮ ಮಾತು ನಿಂತಿತು, ಬಿ.ಎಡ್. ಅಲ್ಲಿಗೇ ಮುಗಿಯಿತು.

ಒಂದು ಮಧ್ಯಾಹ್ನ, ಗಂಡನ ಇಮೇಲ್ ಉಂಟಾ ಅಂತ ನೋಡಿ, ಇಲ್ಲದ್ದಕ್ಕೆ ಎಲ್ಲ ಮುಚ್ಚಿ ಸುಮ್ಮನೆ ಕೂತಿದ್ದೆ. ಲೈನ್ ಕಡಿದಿರಲಿಲ್ಲ. ನೋಡಿದರೆ ಮೋಡೆಮ್ಮಿನ ದೀಪ ಪಿಳಿಪಿಳಿ ಅನ್ನುತ್ತಾ ಉಂಟು. ಅಲ್ಲ ಮಾರಾಯ್ರೆ, ನಾನು ಸುಮ್ಮನಿರುವಾಗ ಇದು ಯಾರೊಟ್ಟಿಗೆ ಮಾತಾಡುವುದು? ಕಪ್ಪು ಪರದೆಯಲ್ಲಿ ನೆಟ್‌ಸ್ಟಾಟ್ ಅಂತ ಟೈಪ್ ಮಾಡಿದರೆ ಕಂಪ್ಯೂಟರಿಗೆ ಎಲ್ಲೆಲ್ಲಿ ಸಂಪರ್ಕ ಉಂಟೆಂದು ಕಾಣುತ್ತದೆ ಅಂತ, ಮದುವೆಗೆ ಮುಂಚೆ ಹೋಗುತ್ತಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸಿದ್ದರು. ಹಾಗೆ ಮಾಡಿದೆ. ಏನೂ ಇರಬಾರದಾಗಿದ್ದಲ್ಲಿ ಒಂದು ಸಾಲು ಇತ್ತು, ಬೇರೆ ಯಾವುದೋ ಕಂಪ್ಯೂಟರಿನ ನಂಬರು. ಮರುದಿನವೂ ಅದೇ ನಂಬರು. ಏನಾದರೂ ಟೈಪ್ ಮಾಡಿ ಬಿಟ್ಟರೆ ಸ್ವಲ್ಪ ಹೊತ್ತಿಗೆ ದೀಪಕ್ಕೆ ಭಾರೀ ಅವಸರ. ನಾನು ಒತ್ತಿದ ಅಕ್ಷರವೆಲ್ಲ ಎಲ್ಲಿಗೋ ಹೋಗುತ್ತಿತ್ತು. ಆ ಪೆಟ್ಟಿಗೆಗೆ ಕೈ ಹಾಕಿದವನು ಈ ಅಣ್ಣ ಒಬ್ಬನೇ.

ಮೈಯೆಲ್ಲ ಉರಿಯಿತು. ಅವತ್ತೇ ಕೇಳಿದ್ದರೆ ಅದೆಂತದೋ ವೈರಸ್ ಅಂತ ಹೇಳಿ ನಮ್ಮನ್ನು ಮಂಗ ಮಾಡುತ್ತಿದ್ದ. ಅದಕ್ಕೇ ಬಾಯಿ ಮುಚ್ಚಿ ಕೂತೆ. ನಮ್ಮದು ಅಳಿಯಕಟ್ಟು, ಮನೆ ಮಗನಿಗಲ್ಲ, ಮಗಳಿಗೆ ಹೋಗುವ ಕ್ರಮ, ಅಂದರೆ ನನ್ನ ನಾದಿನಿಗೆ. ನಾನೂ ಅತ್ತೆಯೂ ಚೆನ್ನಾಗಿದ್ದರೆ ಎಲ್ಲಿ ಮನೆ ಕೈತಪ್ಪುತ್ತದೋ ಎಂಬ ಹೆದರಿಕೆ ಅವನಿಗೆ ಮೊದಲಿನಿಂದಲೂ ಇತ್ತು. ನೋಟ್‌ಪ್ಯಾಡ್ ತೆಗೆದು, ಗಂಡನಿಗೆ ಬರೆಯುವ ಹಾಗೆ ಬರೆದೆ: ಅತ್ತೆ ಮನೆಯನ್ನು ನಿಮ್ಮ ಹೆಸರಿಗೆ ಮಾಡ್ತಾರೆ, ಸದ್ಯ ಯಾರಿಗೂ ಹೇಳಬೇಡಿ. ಅದನ್ನು ಎಲ್ಲಿಗೂ ಕಳಿಸಲಿಲ್ಲ, ಅಳಿಸಿಬಿಟ್ಟೆ. ಇಂಟರ್ನೆಟ್ ಮಾತ್ರ ಹಾಕಿಯೇ ಇಟ್ಟೆ. ದೀಪ ಮಿನುಗಿತು.

ಮರುದಿನವೇ ಅಂಗಡಿ ಮುಚ್ಚಿ ಬಂದ. ಬೆಲ್ಲ ನೀರು ಕೊಟ್ಟರೆ ಮುಟ್ಟಲಿಲ್ಲ. ಮಗನಿಗೆ ಮನೆ ಬರೆದುಕೊಡುವುದಂತೆ, ಮಗಳನ್ನು ಬೀದಿಗೆ ಹಾಕುವುದಂತೆ ಅಂತ ಅತ್ತೆಯ ಮೇಲೆ ಹಾರಾಡಿದ. ಅತ್ತೆಗೆ ತಲೆಬುಡ ಗೊತ್ತಾಗಲಿಲ್ಲ. ಇದನ್ನು ಹೇಳಿದ್ದು ಯಾರು ಅಂತ ಕೇಳಿದರು. ಅವನು ನನ್ನ ಕಡೆ ಕೈ ತೋರಿಸಿದ.

"ನಿಮ್ಮ ಸೊಸೆಯೇ ಗಂಡನಿಗೆ ಬರೆದಿದ್ದಾಳಲ್ಲ."

ಆಹಾ, ಆ ಮಾತಿಗೇ ನಾನು ಕಾದದ್ದು.

"ಬರೆದದ್ದು ಹೌದು ಅಣ್ಣ, ಸುಳ್ಳೇ ಬರೆದದ್ದು. ಆದರೆ ಯಾರಿಗೂ ಕಳಿಸಲಿಲ್ಲ, ಗಂಡನಿಗೂ ಇಲ್ಲ. ನೀವು ಓದಿದ್ದು ಹೇಗೆ?"

ಅವನ ಮುಖ ಬಿಳಿಚಿತು. ಅತ್ತೆಗೆ ಕಂಪ್ಯೂಟರ್ ತಿಳಿಯದಿದ್ದರೂ ಅಳಿಯನ ಮುಖ ತಿಳಿಯಿತು. ನಾನು ಎಲ್ಲ ಬಿಡಿಸಿ ಹೇಳಿದೆ. ಇವಳು ತವರಿಗೆ ಓಡುವ ಉಪಾಯ ಮಾಡಿದ್ದಾಳೆ ಅಂತ ನೀವು ಹೇಳಿದ್ದೂ ಹೀಗೆ ಕದ್ದು ಓದಿಯೇ ಅಂತ ಅತ್ತೆ ಕೇಳಿದರು. ಅವನು ಬಾಗಿಲ ಕಡೆ ತಿರುಗಿದ. ಅತ್ತೆಯ ಎದುರೇ ಕೂರಿಸಿ, ಅವನ ಕೈಯಲ್ಲೇ ಆ ಪ್ರೋಗ್ರಾಂ ತೆಗೆಸಿದೆ. ದೀಪ ತಣ್ಣಗಾಗುವವರೆಗೆ ಏಳಲಿಕ್ಕೆ ಬಿಡಲಿಲ್ಲ.

ಹೊರಡುವಾಗ ಅತ್ತೆ ಅವನನ್ನು ನಿಲ್ಲಿಸಿದರು. "ಮೂಡುಬಿದಿರೆಗೆ ಹೋಗಿ ಇವಳ ಬಿ.ಎಡ್. ಅರ್ಜಿ ನೀವೇ ತಂದುಕೊಡಿ," ಅಂದರು.

ಆ ಸಂಜೆಯೇ ಗಂಡನಿಗೆ ಫೋನ್ ಮಾಡಿ, ನಿಮ್ಮನ್ನು ನಂಬದ್ದು ನನ್ನದೇ ತಪ್ಪು ಅಂತ ಅತ್ತುಬಿಟ್ಟೆ. ಅಣ್ಣ ಎರಡು ಬಸ್ಸು ಹತ್ತಿ ಇಳಿದು ಅರ್ಜಿ ತಂದುಕೊಟ್ಟ. ನಾನು ಅದರಲ್ಲಿ ಬೇಕೆಂತಲೇ ಒಂದು ಕಡೆ ಶಾಯಿ ಚೆಲ್ಲಿ, ಹಾಳಾಯ್ತು ಅಣ್ಣ, ಇನ್ನೊಂದು ಬೇಕಿತ್ತು ಅಂತ ಅವನನ್ನು ಮತ್ತೊಮ್ಮೆ ಮೂಡುಬಿದಿರೆಗೆ ಕಳಿಸಿದೆ.