ಹೆದರಿಕೊಂಡು ನಿಲ್ಲುವ ಕೆಲಸ

ಮುಚ್ಚಿಟ್ಟ ಪಾತ್ರೆಯ ಮುಚ್ಚಳ ತೆಗೆದ ಕೂಡಲೇ ನಾನು ಒಳಗೆ ಕೈ ಹಾಕುವುದಿಲ್ಲ. ಮುಚ್ಚಳ ಪಕ್ಕಕ್ಕಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು ಸುಮ್ಮನೆ ನಿಲ್ಲುತ್ತೇನೆ. ಉಪ್ಪಿನಕಾಯಿ ಜಾಡಿಯಾದರೂ ಅಷ್ಟೇ, ಹಿಟ್ಟಿನ ಮಡಕೆಯಾದರೂ ಅಷ್ಟೇ. ನನ್ನ ಸೊಸೆಗೆ ಇದನ್ನು ನೋಡಿ ನೋಡಿ ಸಾಕಾಗಿದೆ. "ಅತ್ತೆ, ಉಪ್ಪಿನಕಾಯಿ ಎದ್ದು ಬಂದು ಕಚ್ಚಾಕಿಲ್ಲ, ತಗೀರಿ" ಎನ್ನುತ್ತಾಳೆ. ಕಚ್ಚುವುದಿಲ್ಲ ಎಂದು ನನಗೂ ಗೊತ್ತು. ಕೈ ಕೇಳಬೇಕಲ್ಲ.

ನಾನು ಹುಟ್ಟಾ ಅಂಜುಬುರುಕಿ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ನಾಚಿಕೆಪಡುವ ವಯಸ್ಸು ದಾಟಿ ಬಹಳ ಕಾಲವಾಯಿತು. ಹೆದರಿಕೆ ಇಲ್ಲದವರೂ ಇದ್ದಾರೆ ಎಂಬುದನ್ನು ನಾನು ಅಷ್ಟಾಗಿ ನಂಬುವುದೂ ಇಲ್ಲ. ನಮ್ಮೂರ ಗಂಡಸರು ಮೀಸೆ ತಿರುವುತ್ತಿದ್ದರು; ಅಮಲ್ದಾರರ ಕುದುರೆ ಊರಬಾಗಿಲಿಗೆ ಬಂತೆಂದರೆ ಹೆಗಲ ಮೇಲಿನ ವಲ್ಲಿ ತಾನಾಗಿ ಕಂಕುಳಿಗೆ ಇಳಿಯುತ್ತಿತ್ತು. ಆದರೆ ಗಂಡಸರ ಹೆದರಿಕೆಗೆ ಒಂದು ಅನುಕೂಲವಿದೆ. ಕುದುರೆ ಹೋಯಿತು, ಹೆದರಿಕೆಯೂ ಹೋಯಿತು, ವಲ್ಲಿ ಮತ್ತೆ ಹೆಗಲಿಗೆ. ಹೆಂಗಸಿನ ಹೆದರಿಕೆ ಹಾಗೆ ಬಂದು ಹೋಗುವ ನೆಂಟನಲ್ಲ, ಮನೆಯಲ್ಲೇ ಉಂಡುಕೊಂಡಿರುವ ಪ್ರಾಣಿ. ಸೌದೆ ಎತ್ತಿದರೆ ಅಡಿಯಲ್ಲಿ ಚೇಳು. ಒಲೆ ಊದಿದರೆ ಸೆರಗಿಗೆ ಕಿಡಿ. ಹುಲ್ಲುಗಾವಲಿಗೆ ಸಗಣಿ ಆರಿಸಲು ಹೋದರೆ ಅಲ್ಲಿ ಸರ್ಕಾರದ ಅಮೃತಮಹಲಿನ ದನ. ಚಿರತೆಯಾದರೂ ಮನುಷ್ಯರನ್ನು ಕಂಡು ದೂರ ಸರಿದೀತು, ಆ ಹಸುಗಳು ಕೊಂಬು ಇಳಿಸಿಕೊಂಡು ಎದುರಿಗೇ ಬರುತ್ತವೆ. ಬಸುರಾದರೆ ಹೆರಿಗೆಯ ಹೆದರಿಕೆ, ಹೆತ್ತರೆ ಕೂಸು ಕೆಮ್ಮಿದಾಗಲೆಲ್ಲ ಹೆದರಿಕೆ. ಹೆದರಿಕೊಂಡು ಕೂತರೆ ಸಂಜೆಗೆ ಮುದ್ದೆಯಿಲ್ಲ. ಆದ್ದರಿಂದ ಹೆದರಿಕೊಂಡೇ ಕೆಲಸ ಮಾಡುವುದು. ನಮಗೆ ಯಾರೂ ಕಲಿಸದೆ ಬಂದ ವಿದ್ಯೆ ಇದೊಂದೇ.

ಮುಚ್ಚಳದ ಮಾತಿಗೆ ಬರುತ್ತೇನೆ. ಅದಕ್ಕೆ ಮೊದಲು ಹಗೇವಿನ ಮಾತು ಹೇಳಬೇಕು.

ನನ್ನ ತವರು ಸಖರಾಯಪಟ್ಟಣದ ಕಡೆ. ಅಲ್ಲಿ ಕೆರೆಯ ಪಸೆ, ನೆಲ ಅಗೆದರೆ ನೀರು, ಆದ್ದರಿಂದ ಕಾಳುಕಡ್ಡಿಯೆಲ್ಲ ಮನೆಯೊಳಗೆ ಮಣ್ಣಿನ ವಾಡೆಯಲ್ಲಿ. ಮದುವೆಯಾಗಿ ಅಜ್ಜಂಪುರದ ಕಡೆಯ ಒಣನೆಲಕ್ಕೆ ಬಂದ ಮೇಲೆಯೇ ನಾನು ಹಗೇವು ನೋಡಿದ್ದು. ಹಗೇವು ಎಂದರೆ ರಾಗಿ ತುಂಬಿಡಲು ಅಂಗಳದಲ್ಲಿ ತೋಡಿದ ಗುಂಡಿ, ನೆಲದೊಳಗೆ ಹೂತ ದೊಡ್ಡ ಗುಡಾಣ ಇದ್ದ ಹಾಗೆ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹುಲ್ಲು ಕೊಟ್ಟು, ರಾಗಿ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಯಾಕೆ ಬೀಳುವುದಿಲ್ಲ ಎಂದು ಹೊಸದರಲ್ಲಿ ಅತ್ತೆಯನ್ನು ಕೇಳಿದೆ. "ಒಳಗೆ ಹುಳಕ್ಕೆ ಉಸ್ರಿಲ್ಲ ಕಣೇ" ಎಂದರು. ಹುಳಕ್ಕೆ ಉಸಿರಿಲ್ಲದ ಕಡೆ ಮನುಷ್ಯರಿಗೆ ಇದ್ದೀತೇ ಎಂದು ಅವತ್ತೇ ಯೋಚಿಸಬೇಕಿತ್ತು. ಯೋಚಿಸಲು ಹೊಸ ಸೊಸೆಗೆ ಪುರುಸೊತ್ತು ಯಾರು ಕೊಡುತ್ತಾರೆ?

ಹಗೇವು ತೆಗೆಯಲು ಒಂದು ಪದ್ಧತಿ ಇತ್ತು. ಒಂದು ದಿನ ಮೊದಲೇ ಚಪ್ಪಡಿ ಸರಿಸಿ ಬಾಯಿ ತೆರೆದು ಬಿಡುವುದು. ಮಾರನೆಯ ದಿನ ಅತ್ತೆ ಮಿಂದು, ಬಾಯಿಯ ಸುತ್ತ ರಂಗೋಲಿ ಎಳೆದು, ಅರಿಶಿನ ಕುಂಕುಮ ಇಟ್ಟು, ಹಣತೆ ಹಚ್ಚಿ, ಅದನ್ನು ಬುಟ್ಟಿಯಲ್ಲಿಟ್ಟು ಹಗ್ಗದಲ್ಲಿ ಒಳಕ್ಕೆ ಬಿಡುವರು. ದೀಪ ಉರಿಯುತ್ತಿದ್ದರೆ ನೆಲದವ್ವ ಒಪ್ಪಿದಳು ಎಂದು ಇಳಿಯುವುದು. ಆರಿದರೆ ಅವಳು ಮುನಿಸಿಕೊಂಡಿದ್ದಾಳೆ. ಇನ್ನೊಂದು ದಿನ ಬಾಯಿ ತೆರೆದೇ ಇಡುವುದು. ಮನೆಮಂದಿಯೆಲ್ಲ ಅದನ್ನು ಪೂಜೆ ಎಂದೇ ತಿಳಿದಿದ್ದೆವು. ಹಿಂದೆ ಯಾವಳೋ ಒಬ್ಬ ಮುದುಕಿ, ಬುದ್ಧಿ ಹೇಳಿದರೆ ಈ ಸೊಸೆಯರು ಕೇಳುವುದಿಲ್ಲ, ಪೂಜೆ ಎಂದರೆ ಬಿಡುವುದಿಲ್ಲ ಎಂದುಕೊಂಡು ಆ ದೀಪಕ್ಕೆ ಅರಿಶಿನ ಕುಂಕುಮ ಹಚ್ಚಿ ಕೊಟ್ಟಿರಬೇಕು. ಜಾಣೆಯೇ. ಆದರೆ ಪೂಜೆ ಎಂದ ಮೇಲೆ ಅದನ್ನು ಮಾಡಬಾರದ ದಿನಗಳೂ ಇರುತ್ತವೆ. ಅದು ಆ ಜಾಣೆಗೆ ಹೊಳೆಯಲಿಲ್ಲ.

ನಮ್ಮ ಹಗೇವಿನ ಬಾಯಿ ಬಹಳ ಕಿರಿದು. ಗಂಡಸರ ಹೆಗಲು ಹಿಡಿಸುತ್ತಿರಲಿಲ್ಲ. ಇಳಿಯುತ್ತಿದ್ದವಳು ನನ್ನ ಓರಗಿತ್ತಿ ಹನುಮಕ್ಕ, ನನ್ನ ಭಾವನ ಹೆಂಡತಿ. ಕಡ್ಡಿಯಂಥ ಮೈ, ಕತ್ತಿಯಂಥ ಬಾಯಿ. ಅವಳಿಗೆ ಹೆದರಿಕೆ ಎಂಬುದು ಇರಲಿಲ್ಲ. ಹಾವನ್ನು ಬಾಲ ಹಿಡಿದು ಬೇಲಿಯಾಚೆ ಎಸೆದು, ಅದೇ ಕೈಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಹೆದರಿಕೆ ಇಲ್ಲದವರು ಇದ್ದಾರೆ ಎಂದು ನಂಬುವುದಿಲ್ಲ ಎಂದೆನಲ್ಲ, ಅವಳೊಬ್ಬಳನ್ನು ಬಿಟ್ಟು.

ಒಂದು ವರ್ಷ ಊರಿನಲ್ಲಿ ಇಲಿ ಬಿತ್ತು. ಆ ಕಾಲದಲ್ಲಿ ಇಷ್ಟು ಹೇಳಿದರೆ ಸಾಕಿತ್ತು. ಈಗಿನವರಿಗೆ ಬಿಡಿಸಿ ಹೇಳಬೇಕು. ಅಟ್ಟದ ಮೇಲಿನ ಇಲಿ ತಾನಾಗಿ ಸತ್ತು ಕೆಳಗೆ ಬಿದ್ದರೆ ಪ್ಲೇಗು ಬಂತು ಎಂದು ಲೆಕ್ಕ. ಆಮೇಲೆ ಮನುಷ್ಯರ ಸರದಿ. ಕಂಕುಳಲ್ಲಿ ಗಡ್ಡೆ ಏಳುತ್ತಿತ್ತು, ಜ್ವರ ಬರುತ್ತಿತ್ತು, ಬೆಳಿಗ್ಗೆ ಮಾತನಾಡಿದವರನ್ನು ಸಂಜೆಗೆ ಎತ್ತುತ್ತಿದ್ದರು. ಊರಿಗೆ ಊರೇ ಬಾಗಿಲು ಎಳೆದುಕೊಂಡು ಹೊಲಗಳಲ್ಲಿ ಗುಡಿಸಲು ಹಾಕಿತು. ಹುಕುಂ ಆಗುವ ತನಕ ಯಾರೂ ಊರೊಳಗೆ ಕಾಲಿಡಬಾರದು ಎಂದು ಅಮಲ್ದಾರರು ಸಾರಿಸಿ, ಕಾವಲಿಗೆ ಒಬ್ಬನನ್ನು ನಿಲ್ಲಿಸಿ ಹೋದರು. ನಮ್ಮ ದಾಯಾದಿ ಮನೆಯಲ್ಲಿ ದೊಡ್ಡಪ್ಪ ಹೋದರು. ನಮಗೂ ಸೂತಕ.

ತಂದ ರಾಗಿ ಮುಗಿಯಿತು. ನಮ್ಮ ಗಂಡಸರು ಗಾಡಿ ಕಟ್ಟಿಕೊಂಡು ತರೀಕೆರೆಯ ಕಾಡಿನಿಂದ ಮರ ಸಾಗಿಸಲು ಹೋಗಿದ್ದವರು ಇನ್ನೂ ಬಂದಿರಲಿಲ್ಲ. ಗುಡಿಸಲಿನಲ್ಲಿ ಅತ್ತೆ, ಹನುಮಕ್ಕ, ನಾನು, ಹನುಮಕ್ಕನ ಮೊಲೆ ಬಿಡದ ಕೂಸು. ಬೇಲಿಸೊಪ್ಪು ಬೇಯಿಸಿ ಬೇಯಿಸಿ ತಿಂದೆವು. ಹನುಮಕ್ಕನ ಹಾಲು ಕಡಿಮೆಯಾಗಿ ಕೂಸು ಇಡೀ ಹೊತ್ತು ರಚ್ಚೆ ಹಿಡಿಯಿತು.

"ಊರಾಗೆ ಹಗೇವಿನ ತುಂಬ ರಾಗಿ ಇಟ್ಕಂಡು ಇಲ್ಲಿ ಮೇಕೆ ಹಂಗೆ ಸೊಪ್ಪು ಮೇಯ್ತಾ ಕುಂತಿದೀವಿ" ಎಂದಳು ಹನುಮಕ್ಕ. "ಏಳೇ ಗಂಗಿ, ಹೋಗಿ ತರಾನ."

"ಅಮಲ್ದಾರ್ರು ಬ್ಯಾಡ ಅಂದವ್ರೆ ಕಣಕ್ಕ" ಎಂದೆ.

"ಅಮಲ್ದಾರ್ರು ಮುದ್ದೆ ಕಟ್ಟಿ ಕಳಿಸ್ತಾರಾ?"

"ಇಲಿ ಬಿದ್ದೈತೆ."

"ಅದು ಸತ್ತು ಬಿದ್ದೈತೆ ಕಣೇ. ನೀನು ಬದುಕಿರೋ ಇಲಿಗೂ ಹೆದರ್ತೀಯ, ಸತ್ತಿರೋದಕ್ಕೂ ಹೆದರ್ತೀಯ. ಯಾವುದಾದ್ರೂ ಒಂದಕ್ಕೆ ಹೆದರು."

ನಾನು ಅತ್ತೆಯ ಮುಖ ನೋಡಿದೆ, ಬೇಡ ಎಂದಾರು ಎಂದು. ಅತ್ತೆ ಕೂಸಿನ ಮುಖ ನೋಡುತ್ತಿದ್ದರು. "ಹೊತ್ತು ನೆತ್ತಿಗೆ ಬಂದಾಗ ಹೋಗಿ" ಎಂದರು. "ಕಾವಲಿನವನು ಉಣ್ಣಾಕೆ ಹೋಗ್ತಾನೆ. ನಾನೂ ಬತ್ತೀನಿ."

"ದೀಪ ಬಿಡೋದು, ಅತ್ತೆ?" ಎಂದೆ.

"ಸೂತಕದಾಗೆ ಎಂಥ ದೀಪನೇ? ನೆಲದವ್ವಂಗೆ ಮೈಲಿಗೆ ಮಾಡ್ಸಿ, ಇರೋದೂ ಸಾಲದೂಂತ ಅವಳ ಮುನಿಸನ್ನೂ ತಂದಿಕ್ತೀಯಾ?"

ಸರಿಯಾದ ಮಾತು. ಸೂತಕದಲ್ಲಿ ಒಲೆ ಹಚ್ಚಬಹುದು, ದೇವರಿಗೆ ದೀಪ ಹಚ್ಚುವ ಹಾಗಿಲ್ಲ. ಒಂದು ದಿನ ಮೊದಲೇ ಬಾಯಿ ತೆರೆದಿಡುವ ಮಾತಂತೂ ಇರಲೇ ಇಲ್ಲ. ಯಾರೂ ಇಲ್ಲದ ಊರಿನಲ್ಲಿ ತೆರೆದ ಹಗೇವು ಕಳ್ಳನಿಗೋ ಇಲಿಗೋ ಆಹಾರ. ಹೀಗೆ ಮೂವರು ಹೆಂಗಸರು, ತಪ್ಪು ಮಾಡಬಾರದು ಎಂದು ಎಲ್ಲವನ್ನೂ ಯೋಚಿಸಿ, ಹೊರಟೆವು.

ಕತ್ತಲೆಗೆ ಹೆದರುವುದು ಗೊತ್ತು. ನಡುಬಿಸಿಲಿಗೆ ಹೆದರಿದ್ದು ಅದೇ ಮೊದಲು. ಹೊಗೆಯಿಲ್ಲದ ಸೂರುಗಳು. ಕುಟ್ಟುವ ಸದ್ದಿಲ್ಲ, ಬೀಸುವ ಸದ್ದಿಲ್ಲ, ಬೈಯುವ ಸದ್ದೂ ಇಲ್ಲ. ಊರು ಎಂದರೆ ಸದ್ದು ಎಂದು ನನಗೆ ಅವತ್ತು ಗೊತ್ತಾಯಿತು. ನಮ್ಮ ಮನೆಯ ಹೊಸ್ತಿಲ ಮೇಲೆ ಒಂದು ಇಲಿ ಕಾಲು ಚಾಚಿಕೊಂಡು ಮಲಗಿತ್ತು, ನೆಂಟರ ಹಾಗೆ. ಕೂಸನ್ನು ಸೊಂಟದಲ್ಲಿಟ್ಟುಕೊಂಡು ಅತ್ತೆ ಬೀದಿಯ ತುದಿಯ ಹುಣಸೆಮರದ ಕೆಳಗೆ ಕಾವಲು ನಿಂತರು. ನಾವಿಬ್ಬರೂ ಮಣ್ಣು ಕೆದಕಿ ಚಪ್ಪಡಿ ಸರಿಸಿದೆವು. ಒಳಗಿನಿಂದ ಬಿಸಿಯಾದ ಹಳಸಲು ವಾಸನೆ ಮುಖಕ್ಕೆ ಹೊಡೆಯಿತು.

ಇಳಿಯಲು ಹೊರಟವಳ ಕೈ ಹಿಡಿದೆ. "ಹಗ್ಗ ಕಟ್ಕಳಕ್ಕ."

"ನನ್ನೇನು ಸಂತೆಗೆ ಹೊಡ್ಕಂಡು ಹೋಗ್ತಿದೀಯೇನೇ?"

"ಕಟ್ಕ. ಇಲ್ದಿದ್ರೆ ನಾನು ಇಲ್ಲಿ ನಿಲ್ಲಾಕಿಲ್ಲ."

ನಿಜ ಹೇಳುತ್ತೇನೆ, ಅವಳಿಗೆ ಏನಾದರೂ ಆದೀತೆಂದು ಕಟ್ಟಿದ್ದಲ್ಲ. ಆ ಸತ್ತ ಊರಿನಲ್ಲಿ ನಾನೊಬ್ಬಳೇ ಮೇಲೆ ನಿಲ್ಲಬೇಕಿತ್ತು. ಹಗ್ಗದ ಆ ತುದಿಯಲ್ಲಿ ಒಂದು ಜೀವವಿದೆ ಎಂಬ ಧೈರ್ಯ ನನಗೆ ಬೇಕಿತ್ತು, ಅಷ್ಟೇ. ಕಂಕುಳ ಕೆಳಗೆ ಸುತ್ತಿ ಬಿಗಿದೆ. ಬೈದುಕೊಂಡೇ ಇಳಿದಳು.

ಒಳಗಿನಿಂದ ಅವಳ ದನಿ ಗುಡಾಣದೊಳಗೆ ಮಾತಾಡಿದ ಹಾಗೆ ಬರುತ್ತಿತ್ತು. "ಬೆಚ್ಚಗೈತೆ ಕಣೇ, ನಿಮ್ಮಪ್ಪನ ಮನೆ ಹಂಗೆ." ಬುಟ್ಟಿ ತುಂಬಿದಳು. ಎಳೆದುಕೊಂಡು ಮಂಕರಿಗೆ ಸುರಿದೆ. ಮತ್ತೆ ಬುಟ್ಟಿ ಇಳಿಸಿದೆ. "ಗಂಗಿ, ಯಾಕೋ ತಲೆ..." ಎಂದಳು. ಮುಂದಿನ ಮಾತಿಗೆ ಕಾದೆ. ಬರಲಿಲ್ಲ.

"ಅಕ್ಕಾ."

ಹನುಮಕ್ಕ ಉತ್ತರ ಕೊಡದೆ ಇದ್ದದ್ದು ನಾನು ಕಂಡಿರಲಿಲ್ಲ.

ಬಗ್ಗಿ ನೋಡಿದೆ. ಕತ್ತಲು. ರಾಗಿಯ ಮೇಲೆ ಬಿದ್ದಿದ್ದ ಅವಳ ಒಂದು ಕೈ ಮಾತ್ರ ಕಂಡಿತು. ಹಗೇವಿನೊಳಕ್ಕೆ ಒಂದು ಕಾಲು ಇಳಿಬಿಟ್ಟೆ. ಅಷ್ಟರಲ್ಲಿ ಆ ವಾಸನೆ ಮೂಗಿಗೆ ಬಡಿದು, ಕಾಲು ತಾನಾಗಿ ಮೇಲಕ್ಕೆ ಬಂತು. ಧೈರ್ಯವಂತೆಯಾಗಿದ್ದರೆ ಇಳಿದೇಬಿಡುತ್ತಿದ್ದೆ. ಆಗ ಅತ್ತೆ ಬಂದು ನೋಡಿದಾಗ ಒಳಗೆ ಎರಡು ಹೆಣ ಇರುತ್ತಿದ್ದವು, ಮೇಲೆ ಹಗ್ಗ ಹಿಡಿಯಲು ಯಾರೂ ಇರುತ್ತಿರಲಿಲ್ಲ.

ಹಗ್ಗ ಎಳೆದೆ. ಒಬ್ಬಳ ಕೈಗೆ ಬರಲಿಲ್ಲ. ಕಿರುಚಿದೆ. ಕಾವಲಿನವನು ಕೇಳಲಿ, ಅಮಲ್ದಾರರೇ ಕೇಳಲಿ ಎಂದು ಕಿರುಚಿದೆ. ಅತ್ತೆ ಓಡಿ ಬಂದರು, ಸೊಂಟದಲ್ಲಿ ಕೂಸು. ಹಗ್ಗ ಹಿಡಿಯಲು ಎರಡು ಕೈಯೂ ಬೇಕು; ಕೂಸನ್ನು ಇಡುವುದೆಲ್ಲಿ? ಇಲಿ ಬಿದ್ದ ನೆಲ. ಅತ್ತೆ ಒಂದು ಸಲ ನೆಲ ನೋಡಿದರು, ಒಂದು ಸಲ ಹಗೇವಿನ ಬಾಯಿ ನೋಡಿದರು. ಆ ನೋಟ ಇವತ್ತಿಗೂ ನನ್ನ ಕನಸಿಗೆ ಬರುತ್ತದೆ. ಆಮೇಲೆ ಕೂಸನ್ನು ಮಂಕರಿಯ ರಾಗಿಯ ಮೇಲೆ ಕೂರಿಸಿ ಹಗ್ಗಕ್ಕೆ ಕೈ ಹಾಕಿದರು.

ಒನಕೆಯನ್ನು ಬಾಯಿಗೆ ಅಡ್ಡ ಇಟ್ಟು, ಅದಕ್ಕೆ ಕಾಲು ಒತ್ತಿ ಎಳೆದೆವು. ಸತ್ತ ಎಮ್ಮೆಯ ಭಾರ. ಬಾವಿ ಸೇದಿ ಸೇದಿ ಕಾಯಿ ಕಟ್ಟಿದ ಕೈಗಳು ಅವತ್ತು ಕೆಲಸಕ್ಕೆ ಬಂದವು. ಮೊದಲು ಕೂದಲು ಕಂಡಿತು, ಆಮೇಲೆ ಹೆಗಲು. ಬಾಯಿಯ ಅಂಚಿಗೆ ತೋಳು ತರಚಿ ರಕ್ತ ಬಂತು. ಅಂಗಳಕ್ಕೆ ಎಳೆದು ಹಾಕಿದಾಗ ಮುಖ ನೇರಳೆ ಹಣ್ಣಿನ ಬಣ್ಣ.

ಅತ್ತೆ ಅಳಲಿಲ್ಲ. ಕೆನ್ನೆಗೆ ಬಾರಿಸಿದರು. "ಏಳೇ ಹನುಮಿ! ಹಾಡುಹಗಲಲ್ಲಿ ಮಲಗ್ತೀಯೇನೇ? ಕೂಸು ಅಳ್ತಾ ಐತೆ, ಏಳೇ, ಯಾರು ಮೊಲೆ ಕೊಡ್ತಾರೆ, ನಾನಾ?" ಎಂದು ಬೈದರು, ಮತ್ತೆ ಬಾರಿಸಿದರು. ಕೂಸು ನಿಜವಾಗಿಯೂ ಬಾಯಿ ತುಂಬ ರಾಗಿ ತುಂಬಿಕೊಂಡು ಅಳುತ್ತಿತ್ತು. ನಾನು ಎದೆ ಉಜ್ಜುತ್ತಿದ್ದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಒಂದು ಕೆಮ್ಮು ಬಂತು. ಇನ್ನೊಂದು ಬಂತು. ಕಣ್ಣು ಬಿಟ್ಟಳು.

"ಅದೇನೇ ಹಂಗೆ ಬಿಗಿದಿದೀಯ" ಎಂದಳು ನನಗೆ. "ಪಕ್ಕೆ ಮುರೀತು."

ಆಮೇಲೂ ಹೆದರಿಕೆ ಬಿಡಲಿಲ್ಲ. ದಿನಾ ಬೆಳಿಗ್ಗೆ ಎದ್ದು ಕಂಕುಳು, ತೊಡೆಸಂದು ಮುಟ್ಟಿ ಮುಟ್ಟಿ ನೋಡಿಕೊಂಡೆವು. ಮೊದಲು ಕೂಸಿನದು, ಆಮೇಲೆ ನಮ್ಮದು. ಯಾರಿಗೂ ಗಡ್ಡೆ ಏಳಲಿಲ್ಲ. ಯಾಕೆ ಏಳಲಿಲ್ಲ ಎಂದು ಕೇಳಬೇಡಿ, ಎದ್ದವರಿಗೆ ಯಾಕೆ ಎದ್ದಿತು ಎಂದೂ ನನಗೆ ಗೊತ್ತಿಲ್ಲ. ಗಂಡಸರು ತರೀಕೆರೆಯಿಂದ ಬಂದರು, ಕೈ ತೊಳೆದು ಕೂತು ಮುದ್ದೆ ಉಂಡರು. ರಾಗಿ ಎಲ್ಲಿಂದ ಬಂತು ಎಂದು ಒಬ್ಬರೂ ಕೇಳಲಿಲ್ಲ. ನಾವೂ ಹೇಳಲಿಲ್ಲ.

ಊರಿಗೆ ಮರಳಿದ ಮೇಲೆ ಮತ್ತೆ ಹಗೇವು ತೆಗೆಯುವ ದಿನ ಬಂತು. ಅವತ್ತು ದಾಯಾದಿ ಮನೆಯಲ್ಲಿ ಹೆರಿಗೆಯಾಗಿ ನಮಗೆ ಪುರುಡು, ಅದೂ ಮೈಲಿಗೆಯೇ. ಅತ್ತೆ ಮೀಯಲಿಲ್ಲ, ರಂಗೋಲಿ ಹಾಕಲಿಲ್ಲ, ಅರಿಶಿನ ಕುಂಕುಮದ ಭರಣಿ ಮುಟ್ಟಲಿಲ್ಲ. ಒಲೆಯಿಂದ ಕಡ್ಡಿ ತಂದು ಹಣತೆ ಹಚ್ಚಿ ಒಳಗೆ ಬಿಟ್ಟರು. ನೆರೆಮನೆಯವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಇದು ದೇವರ ದೀಪ ಅಲ್ಲ ಕಣಮ್ಮ" ಎಂದರು ಅತ್ತೆ. "ಹೆದರಿಕೆ ದೀಪ. ಇದಕ್ಕೆ ಮೈಲಿಗೆ ಇಲ್ಲ."

ದೀಪ ಆರಿತು. ನಾವು ಹಗೇವಿನ ಬಾಯಿ ತೆರೆದೇ ಇಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಂತೆವು. ಅವತ್ತು ಹಿಂದೆ ಸರಿದ ನನ್ನ ಕಾಲು ಈಗ ಉಪ್ಪಿನಕಾಯಿ ಜಾಡಿಯ ಮುಂದೆಯೂ ಸರಿಯುತ್ತದೆ. ಸೊಸೆ ನಗಲಿ.

ಹನುಮಕ್ಕ ಮಾತ್ರ ಬದಲಾಗಲಿಲ್ಲ. ಮುದುಕಿಯಾದ ಮೇಲೂ ಹುಣಸೆಮರ ಹತ್ತುತ್ತಿದ್ದಳು, ಏಣಿ ಇಟ್ಟು ಸೂರಿನ ಹೆಂಚು ಸರಿ ಮಾಡುತ್ತಿದ್ದಳು. ಒಂದೇ ಒಂದು ಹೊಸ ಅಭ್ಯಾಸ. ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಡುವ ಮೊದಲು ಹಿತ್ತಲಿನಿಂದಲೇ ಕೂಗುತ್ತಿದ್ದಳು:

"ಲೇ ಗಂಗೀ, ಎಲ್ಲಿದೀಯೇ? ಬಾರೇ ಇಲ್ಲಿ, ಒಂಚೂರು ಹೆದರ್ಕಂಡು ನಿಂತ್ಕ."